ರಮ್ಯಕಥೆಯೊಳಗಿನ ಶಾಸ್ತ್ರ: ತ್ರಿವೇಣಿಯವರ ಹತ್ತು ವರ್ಷಗಳ ದುಡಿಮೆ

ಆಂಗ್ಲ ಸಾಹಿತ್ಯದ ಚರಿತ್ರೆಯನ್ನು ಓದುವವರಿಗೆ ‘ಸೈಂಟಿಫಿಕ್ ರೊಮಾನ್ಸ್’ ಎಂಬ ಹೆಸರು ಅಪರಿಚಿತವಲ್ಲ. ಎಚ್. ಜಿ. ವೆಲ್ಸ್ ಎಂಬ ಲೇಖಕನ ಆರಂಭದ ಕಾದಂಬರಿಗಳಿಗೆ ಆ ಕಾಲದವರು ಕೊಟ್ಟ ಹೆಸರದು. ವೆಲ್ಸನು 1884ರಲ್ಲಿ ಲಂಡನ್ನಿನ ವಿಜ್ಞಾನ ಶಿಕ್ಷಣಾಲಯವನ್ನು ಸೇರಿ, ಟಿ. ಎಚ್. ಹಕ್ಸ್‌ಲಿಯ ಬಳಿ ಜೀವಶಾಸ್ತ್ರವನ್ನು ಕಲಿತು, ಕೆಲಕಾಲ ಉಪಾಧ್ಯಾಯನಾಗಿ ದುಡಿದು, 1895ರಲ್ಲಿ ‘ಟೈಮ್ ಮೆಷಿನ್’ ಎಂಬ ಕಥೆಯನ್ನು ಪ್ರಕಟಿಸಿದನು. ರೊಮಾನ್ಸ್ ಎಂದರೆ ಅಲ್ಲಿ ಬರಿಯ ಪ್ರಣಯವಲ್ಲ. ಅದ್ಭುತವಾದ, ರಮ್ಯವಾದ ಕಥೆ ಎಂದರ್ಥ. ಪಾಠಶಾಲೆಯ ಬೆಂಚಿನ ಮೇಲೆ ಕುಳಿತು ಕಲಿತ ಶಾಸ್ತ್ರವನ್ನು, ಊಟವಾದ ಮೇಲೆ ದೀಪದ ಬಳಿ ಕುಳಿತು ಓದುವ ಸಾಮಾನ್ಯ ಓದುಗನ ಕೈಗೆ ಕಥೆಯ ರೂಪದಲ್ಲಿ ಮುಟ್ಟಿಸಿದುದೇ ಅವನ ಹಿರಿಮೆ.

ಕನ್ನಡದಲ್ಲಿ ಅಂಥ ಕೆಲಸವನ್ನು ಮಾಡಿದವರು ಯಾರು? ಆಕಾಶಯಾನ, ಗ್ರಹಾಂತರ ಪಯಣ ಮೊದಲಾದ ವಸ್ತುಗಳನ್ನು ಹಿಡಿದು ಬರೆದವರಲ್ಲಿ ರಾಜಶೇಖರ ಭೂಸನೂರಮಠರ ಹೆಸರು ಮೊದಲು ನೆನಪಿಗೆ ಬರುತ್ತದೆ. ಆದರೆ ಶಾಸ್ತ್ರವೂ ಪ್ರಣಯವೂ ಒಂದೇ ಕಥೆಯಲ್ಲಿ ಹಾಲು ಸಕ್ಕರೆಯಂತೆ ಬೆರೆತುದನ್ನು ನೋಡಬೇಕಾದರೆ ನಾವು ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಲ್ಲಿ ನಮಗೆ ಸಿಗುವವರು ಮೈಸೂರಿನ ಒಬ್ಬ ಮಹಿಳೆ. ಅವರ ಶಾಸ್ತ್ರ ನಕ್ಷತ್ರಗಳದ್ದಲ್ಲ, ಯಂತ್ರಗಳದ್ದೂ ಅಲ್ಲ, ಮನುಷ್ಯನ ಮನಸ್ಸಿನದು. ಅವರೇ ‘ತ್ರಿವೇಣಿ’ ಎಂಬ ಕಾವ್ಯನಾಮದ ಶ್ರೀಮತಿ ಅನಸೂಯಾ ಶಂಕರ್.

ನೀಲಗಿರಿಯ ಕನ್ನಡಿಗರಾದ ನಮಗೆ ಮೈಸೂರು ದೂರದ ಊರಲ್ಲ. ಉದಕಮಂಡಲದಿಂದ ಹೊರಟು ಕಲ್ಲಟ್ಟಿಯ 36 ತಿರುವುಗಳನ್ನು ಇಳಿದು, ಮಸಿನಗುಡಿ, ತೆಪ್ಪಕಾಡು, ಬಂಡೀಪುರಗಳನ್ನು ಹಾದು, ಗುಂಡ್ಲುಪೇಟೆ ನಂಜನಗೂಡುಗಳ ಮೇಲೆ ಸಾಗಿದರೆ ಅರ್ಧ ದಿನ ಕಳೆಯುವುದರೊಳಗೆ ಚಾಮುಂಡಿಬೆಟ್ಟ ಕಾಣುತ್ತದೆ. ಕನ್ನಡ ಸ್ತ್ರೀಯರ ಕಾದಂಬರಿಯ ಕಥೆಯನ್ನು ಈ ದಾರಿಯಲ್ಲಿಯೇ ಹೇಳಿಬಿಡಬಹುದು. ಬಾಲ್ಯದಲ್ಲಿಯೇ ವೈಧವ್ಯಕ್ಕೆ ಗುರಿಯಾದ ತಿರುಮಲಾಂಬಾ (1887–1982) ಅವರು ಈ ದಾರಿಯ ನಂಜನಗೂಡಿನಲ್ಲಿ ಕುಳಿತು ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ಆರಂಭಿಸಿ, ತಾವೇ ಕಾದಂಬರಿಗಳನ್ನು ಬರೆದು ತಾವೇ ಪ್ರಕಟಿಸಿದರು. ಹೆಣ್ಣುಮಕ್ಕಳು ಓದಬೇಕು, ಅವರಿಗಾಗಿ ಹೆಣ್ಣೊಬ್ಬಳು ಬರೆಯಬೇಕು ಎಂಬ ಹಂಬಲ ಅವರದು. ಆ ಹಂಬಲ ನಂಜನಗೂಡಿನಿಂದ ಮೈಸೂರಿಗೆ ಸಾಗುವಷ್ಟರಲ್ಲಿ ಒಂದು ತಲೆಮಾರು ಕಳೆಯಿತು. ಅಷ್ಟರಲ್ಲಿ ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲನ್ನೂ ಹತ್ತಿದ್ದರು.

ತ್ರಿವೇಣಿಯವರು ಹುಟ್ಟಿದ್ದು 1928ನೆಯ ಇಸವಿ ಸೆಪ್ಟೆಂಬರ್ 1ರಂದು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಅವರಿಗೆ ದೊಡ್ಡಪ್ಪ. ಮನೆಯಲ್ಲಿ ಸಾಹಿತ್ಯದ ಗಾಳಿ ಇದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಅವರ ಬರವಣಿಗೆಗೆ ಬೇರೊಂದು ದಿಕ್ಕನ್ನು ತೋರಿಸಿದುದು ಅವರು ಆರಿಸಿಕೊಂಡ ವ್ಯಾಸಂಗ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಅಭ್ಯಸಿಸಿ ಅವರು 1947ರಲ್ಲಿ ಬಿ. ಎ. ಪದವಿಯನ್ನು ಪಡೆದರು.

ಆ ವಿಭಾಗದ ಚರಿತ್ರೆಯೂ ತಿಳಿಯತಕ್ಕದ್ದಾಗಿದೆ. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಅದನ್ನು ಕಟ್ಟಿದರು. ಮನಶ್ಶಾಸ್ತ್ರವನ್ನು ಬರಿಯ ತತ್ತ್ವಚರ್ಚೆಯಾಗಿ ಬಿಡದೆ, ಪ್ರಯೋಗಶಾಲೆಯಲ್ಲಿ ಅಳೆದು ನೋಡಬೇಕಾದ ವಿಜ್ಞಾನವೆಂದು ಅವರು ಭಾವಿಸಿದರು. ಇದೇ ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಖಾಸಗಿ ಬಾನುಲಿ ಕೇಂದ್ರವೊಂದನ್ನು ನಡೆಸಿದವರು; ‘ಆಕಾಶವಾಣಿ’ ಎಂಬ ಹೆಸರು ಬಾನುಲಿಗೆ ಅಂಟಿದುದು ಅಲ್ಲಿಂದಲೇ. ಅಧ್ಯಾಪಕನೊಬ್ಬನ ಮನೆಯ ಮಾತು ಊರಿನ ಮನೆಗಳಿಗೆಲ್ಲ ಕೇಳಿಸಿತು. ಅದೇ ವಿಭಾಗದ ವಿದ್ಯಾರ್ಥಿನಿಯೊಬ್ಬರು ಮುಂದೆ ಮಾಡಿದುದೂ ಅಂಥದೇ ಕೆಲಸ. ತರಗತಿಯ ಶಾಸ್ತ್ರವನ್ನು ಅವರು ಅಡಿಗೆಮನೆಯವರೆಗೆ ಮುಟ್ಟಿಸಿದರು. ಅವರಿಗೆ ಬಾನುಲಿಯ ಬದಲು ಕಾದಂಬರಿ ಸಾಧನವಾಯಿತು.

ಅವರ ಮೊದಲ ಕಾದಂಬರಿ ‘ಅಪಸ್ವರ’ 1950ರ ದಶಕದ ಆದಿಯಲ್ಲಿ ಬಂದಿತು. ಅಲ್ಲಿಂದ 1963ರ ವರೆಗೆ, ಸುಮಾರು ಹತ್ತು ವರ್ಷಗಳ ಅವಧಿಯಲ್ಲಿ, ಅವರು 20ರಷ್ಟು ಕಾದಂಬರಿಗಳನ್ನೂ ‘ಹೆಂಡತಿಯ ಹೆಸರು’, ‘ಎರಡು ಮನಸ್ಸು’, ‘ಸಮಸ್ಯೆಯ ಮಗು’ ಎಂಬ 3 ಕಥಾಸಂಕಲನಗಳನ್ನೂ ಬರೆದರು. ಗಣಿತ ಬಲ್ಲ ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಿ ನೋಡಲಿ. ಹತ್ತು ವರ್ಷಕ್ಕೆ 120 ತಿಂಗಳು. ಕಾದಂಬರಿಯೊಂದಕ್ಕೆ ಹೆಚ್ಚೆಂದರೆ ಆರು ತಿಂಗಳು. ಅಷ್ಟರಲ್ಲಿಯೇ ವಸ್ತುವನ್ನು ಯೋಚಿಸಬೇಕು, ಬರೆಯಬೇಕು, ತಿದ್ದಬೇಕು, ಅಚ್ಚಿನ ಕರಡನ್ನು ನೋಡಬೇಕು. ಇದರ ಜೊತೆಗೆ ಗೃಹಿಣಿಯ ಕರ್ತವ್ಯಗಳಿದ್ದೇ ಇದ್ದುವು. ಸ್ಫೂರ್ತಿ ಬಂದಾಗ ಮಾತ್ರ ಲೇಖನಿ ಹಿಡಿಯುವವರಿಗೆ ಇಷ್ಟು ಸಾಧ್ಯವಾಗುವುದಿಲ್ಲ. ಇದು ನಿತ್ಯದ ದುಡಿಮೆಯ ಫಲ.

ಆ ಕಾಲದ ಓದುಗರ ಸ್ಥಿತಿಯನ್ನೂ ನೆನೆಯಬೇಕು. ಅ. ನ. ಕೃಷ್ಣರಾಯರಂಥವರು ಕಾದಂಬರಿಯನ್ನು ಮನೆಮನೆಯ ಓದಾಗಿ ಮಾಡಿದ್ದರು. ಪಟ್ಟಣಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ ಅಲ್ಪ ಬಾಡಿಗೆಗೆ ಪುಸ್ತಕ ತಂದು, ಮಧ್ಯಾಹ್ನದ ಬಿಡುವಿನಲ್ಲಿ ಓದಿ, ನೆರೆಮನೆಗೂ ದಾಟಿಸಿ, ಮರಳಿಸುವ ಹೆಂಗಸರು ತ್ರಿವೇಣಿಯವರ ಓದುಗರಲ್ಲಿ ಬಹುಸಂಖ್ಯಾತರು. ವಿದ್ವಾಂಸರು ಇಂಥ ಓದನ್ನು ‘ಹೆಂಗಸರ ಕಾಲಕ್ಷೇಪ’ವೆಂದು ಹಗುರವಾಗಿ ಕಂಡುದುಂಟು. ಆದರೆ ಮನಸ್ಸಿಗೂ ದೇಹದಂತೆಯೇ ಕಾಯಿಲೆ ಬರುತ್ತದೆ, ಅದಕ್ಕೆ ಕಾರಣವುಂಟು, ಚಿಕಿತ್ಸೆಯುಂಟು ಎಂಬ ತಿಳಿವಳಿಕೆ ಕನ್ನಡದ ಎಷ್ಟೋ ಮನೆಗಳಿಗೆ ಮೊದಲು ಬಂದುದು ಈ ಬಾಡಿಗೆ ಪುಸ್ತಕಗಳಿಂದಲೇ ಎಂಬುದು ನಮ್ಮ ಭಾವನೆ. ಪಠ್ಯಪುಸ್ತಕಗಳು ಆ ಮನೆಗಳ ಹೊಸ್ತಿಲನ್ನು ದಾಟಿರಲಿಲ್ಲ.

ಅವರ ರೀತಿಯನ್ನು ಎರಡು ಕೃತಿಗಳಿಂದ ತಿಳಿಯಬಹುದು. ‘ಬೆಳ್ಳಿಮೋಡ’ ಮೇಲ್ನೋಟಕ್ಕೆ ಶುದ್ಧ ಪ್ರಣಯಕಥೆ. ಆಸ್ತಿವಂತರ ಏಕಮಾತ್ರ ಪುತ್ರಿ ಇಂದಿರೆಗೆ ಮೋಹನನೊಡನೆ ಮದುವೆ ನಿಶ್ಚಯವಾಗುತ್ತದೆ. ಆಕೆಯ ತಂದೆತಾಯಿಗಳಿಗೆ ಗಂಡು ಮಗು ಹುಟ್ಟಿ, ಆಸ್ತಿ ತನಗೆ ಬರುವುದಿಲ್ಲವೆಂದು ತಿಳಿದೊಡನೆ ಮೋಹನ ಹಿಂದೆಗೆಯುತ್ತಾನೆ. ಮುಂದೆ ಅವನು ಆಕೆಯ ಶುಶ್ರೂಷೆಯನ್ನು ಪಡೆದು, ಪಶ್ಚಾತ್ತಾಪದಿಂದ ಕೈ ಚಾಚಿದಾಗ ಆಕೆ ಒಪ್ಪುವುದಿಲ್ಲ. ಶುಶ್ರೂಷೆ ಮಾಡಿದುದು ಕರುಣೆಯಿಂದ. ಪ್ರೇಮ ಎಂದೋ ಬತ್ತಿಹೋಗಿದ್ದಿತು. ಕರುಣೆಗೂ ಪ್ರೇಮಕ್ಕೂ ಇರುವ ಈ ಅಂತರವನ್ನು ಲೇಖಕಿ ಉಪನ್ಯಾಸ ಕೊಟ್ಟು ವಿವರಿಸದೆ, ಒಬ್ಬ ಹುಡುಗಿಯ ನಿರಾಕರಣೆಯಲ್ಲಿ ತೋರಿಸಿದರು. ಮನಸ್ಸನ್ನು ಅಭ್ಯಸಿಸಿದವರ ಕಣ್ಣು ಇದು.

‘ಶರಪಂಜರ’ದಲ್ಲಿ ಶಾಸ್ತ್ರವು ಕಥೆಯ ಬೆನ್ನೆಲುಬೇ ಆಗಿದೆ. ಕಾವೇರಿ ಸುಶಿಕ್ಷಿತೆ, ಪತಿ ಸತೀಶನ ಪ್ರೀತಿಯ ಹೆಂಡತಿ. ಹೆರಿಗೆಯ ತರುವಾಯ ಆಕೆಯ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗುತ್ತದೆ, ಆಕೆ ಗುಣಹೊಂದುತ್ತಾಳೆ. ವೈದ್ಯಶಾಸ್ತ್ರದ ಮಟ್ಟಿಗೆ ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ತ್ರಿವೇಣಿಯವರಿಗೆ ನಿಜವಾದ ಕಥೆ ಇಲ್ಲಿಂದಲೇ ಮೊದಲು. ಮನೆಗೆ ಮರಳಿದವಳನ್ನು ಯಾರೂ ಗುಣವಾದವಳೆಂದು ನಂಬುವುದಿಲ್ಲ. ನಕ್ಕರೂ ಸಂದೇಹ, ಅತ್ತರೂ ಸಂದೇಹ. ಗಂಡನ ಪ್ರೀತಿಯೂ ದೂರವಾಗುತ್ತದೆ. ವೈದ್ಯರು ವಾಸಿಮಾಡಿದ ಮನಸ್ಸನ್ನು ಮನೆಯವರ ದೃಷ್ಟಿಗಳೇ ಬಾಣಗಳಾಗಿ ಮತ್ತೆ ಒಡೆಯುತ್ತವೆ. ‘ಶರಪಂಜರ’ವೆಂಬ ಹೆಸರಿನ ಅರ್ಥ ಅದೇ: ಬಾಣಗಳ ಪಂಜರ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ನಾವು ಬಾಲಕರಾಗಿದ್ದಾಗ ನಮ್ಮ ಬೀದಿಯಲ್ಲಿ ಒಬ್ಬ ತಾಯಿ ಇದ್ದರು. ಹೆರಿಗೆಯಾದ ಕೆಲ ದಿನಗಳಲ್ಲಿ ಅವರು ನಿದ್ರೆಯಿಲ್ಲದೆ, ಇಲ್ಲದವರೊಡನೆ ಮಾತನಾಡುತ್ತ, ಕೂಸನ್ನು ಎತ್ತಿಕೊಳ್ಳಲು ಒಪ್ಪದೆ ಕುಳಿತರು. ಮೊದಲು ತಾಯಿತ ಕಟ್ಟಿಸಿದರು, ತರುವಾಯ ಘಟ್ಟ ಇಳಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕೆಲವು ತಿಂಗಳ ಮೇಲೆ ಅವರು ಗುಣವಾಗಿ ಬಂದರು. ಮೊದಲಿನಂತೆಯೇ ನೀರು ಸೇದುತ್ತಿದ್ದರು, ರಂಗೋಲಿ ಇಡುತ್ತಿದ್ದರು. ಆದರೂ ನಾವು ಹುಡುಗರು ಅವರ ಬಾಗಿಲ ಮುಂದೆ ಓಡಿ ದಾಟುತ್ತಿದ್ದೆವು. ಒಮ್ಮೆ ಅವರು ಹಬ್ಬದ ಸಿಹಿಯನ್ನು ಕೊಡಲು ಕರೆದರು. ನಾವು ಕೈ ಚಾಚಲಿಲ್ಲ. ತಟ್ಟೆಯನ್ನು ಹಿಡಿದುಕೊಂಡು ಅವರು ಹೊಸ್ತಿಲಲ್ಲಿ ನಿಂತಿದ್ದರು. ಎಷ್ಟೋ ವರ್ಷಗಳ ಮೇಲೆ ‘ಶರಪಂಜರ’ವನ್ನು ಓದುವಾಗ ಆ ತಟ್ಟೆ ನಮ್ಮ ಕಣ್ಣ ಮುಂದೆ ಬಂದಿತು. ಆ ಪಂಜರದ ಒಂದು ಬಾಣ ನಾವೇ ಆಗಿದ್ದೆವು.

ಅಂದಿನ ಕಾನೂನು, ಆಸ್ಪತ್ರೆಗಳ ಸ್ಥಿತಿಯನ್ನು ತಿಳಿದರೆ ಲೇಖಕಿಯ ಧೈರ್ಯ ಮತ್ತಷ್ಟು ಸ್ಪಷ್ಟವಾಗುತ್ತದೆ. ಬೆಂಗಳೂರಿನಲ್ಲಿ 1847ರಷ್ಟು ಹಿಂದೆಯೇ ಆರಂಭವಾದ ಹುಚ್ಚರ ಆಶ್ರಯವು 1925ರಲ್ಲಿ ‘ಮಾನಸಿಕ ಆಸ್ಪತ್ರೆ’ ಎಂಬ ಹೆಸರನ್ನು ಪಡೆಯಿತು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. 1974ರಲ್ಲಿ ಇವೆರಡೂ ಸೇರಿ ‘ನಿಮ್ಹಾನ್ಸ್’ ಆಯಿತು. ಆದರೆ ತ್ರಿವೇಣಿಯವರು ಬರೆಯುತ್ತಿದ್ದಾಗ ಜಾರಿಯಲ್ಲಿದ್ದುದು 1912ರ ಹುಚ್ಚರ ಕಾಯಿದೆ. ಅದರ ಬದಲಿಗೆ ಹೊಸ ಕಾನೂನು ಬಂದುದು 1987ರಲ್ಲಿ. ರೋಗಿಯ ಹಕ್ಕುಗಳನ್ನು ವಿಸ್ತಾರವಾಗಿ ಹೇಳುವ ಕಾಯಿದೆ ಬಂದುದು 2017ರಲ್ಲಿ. ಸರಕಾರದ ಭಾಷೆ ‘ಹುಚ್ಚ’ ಎಂಬ ಪದವನ್ನು ಬಿಡುವುದಕ್ಕೆ ಎಷ್ಟೋ ಮೊದಲೇ, ಒಬ್ಬ ಕಾದಂಬರಿಗಾರ್ತಿ ಆ ಪದವು ಮಾಡುವ ಗಾಯವನ್ನು ಓದುಗರಿಗೆ ಕಾಣಿಸಿದ್ದರು.

ಅವರ ಬರವಣಿಗೆಯಲ್ಲಿ ಕೊರತೆಗಳಿಲ್ಲವೆಂದು ನಾವು ಹೇಳುವುದಿಲ್ಲ. ಬಿಡುವಿಲ್ಲದೆ ಬರೆದವರ ಅವಸರ ಕೆಲವು ಕಡೆ ಕಾಣುತ್ತದೆ. ಅವರು ಕಲಿತ ಮನಶ್ಶಾಸ್ತ್ರವೂ ಆ ಕಾಲದ್ದೇ. ಗತಕಾಲದ ಒಂದು ಗುಪ್ತ ಘಟನೆಯಲ್ಲಿಯೇ ರೋಗದ ಬೇರನ್ನು ಹುಡುಕುವುದು ಅದರ ಪದ್ಧತಿ. ಬಾಣಂತಿಯರಿಗೆ ಬರುವ ತೀವ್ರ ಮನೋವಿಕಾರಕ್ಕೆ ದೇಹದೊಳಗಿನ ರಸಗಳ ಏರಿಳಿತ, ನಿದ್ರಾಭಂಗ, ವಂಶದಲ್ಲಿ ಬಂದ ಒಲವು ಇವುಗಳನ್ನೂ ಇಂದಿನ ವೈದ್ಯರು ಕಾರಣವಾಗಿ ಹೇಳುತ್ತಾರೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಇದು ಕಾಣಿಸುತ್ತದೆ. ಬಹುಮಟ್ಟಿಗೆ ಮೊದಲ ಎರಡು ವಾರಗಳಲ್ಲಿಯೇ ತಲೆದೋರುತ್ತದೆ. ತಡಮಾಡದೆ ಚಿಕಿತ್ಸೆ ಕೊಡಿಸಿದರೆ ಹೆಚ್ಚಿನವರು ಪೂರ್ಣ ಗುಣಹೊಂದುತ್ತಾರೆ. ವೆಲ್ಸನ ಕಾಲಯಂತ್ರದ ಭೌತಶಾಸ್ತ್ರ ಹಳತಾದರೂ ಕಥೆ ಹಳತಾಗಲಿಲ್ಲ. ಹಾಗೆಯೇ ಕಾವೇರಿಯ ರೋಗದ ವಿವರಣೆ ಹಳತಾಗಿರಬಹುದು. ಆಕೆ ಮನೆಗೆ ಮರಳಿದ ಮೇಲೆ ನಡೆದ ಸಂಗತಿ ಹಳತಾಗಿಲ್ಲ.

ವಿಧಿಯ ಕ್ರೂರತೆಯೆಂದರೆ, ಬಾಣಂತಿಯ ಸಂಕಟವನ್ನು ಕನ್ನಡಿಗರಿಗೆ ತಿಳಿಸಿದ ಲೇಖಕಿಯೂ ಬಾಣಂತನದಲ್ಲಿಯೇ ತೀರಿಕೊಂಡರು. ಹೆಣ್ಣು ಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ, 1963ರ ಜುಲೈ 29ರಂದು, ಅವರು ಕಣ್ಮುಚ್ಚಿದರು. 35 ವರ್ಷ ತುಂಬಲು ಇನ್ನೂ ಒಂದು ತಿಂಗಳಿತ್ತು.

ಅವರ ಕೃತಿಗಳು ಅವರ ತರುವಾಯವೂ ನಡೆದವು. ಪುಟ್ಟಣ್ಣ ಕಣಗಾಲರು ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು 1966ರಲ್ಲಿ ಮಲೆಯಾಳ ಚಿತ್ರವಾಗಿಯೂ, ‘ಬೆಳ್ಳಿಮೋಡ’ವನ್ನು 1967ರಲ್ಲಿ, ‘ಶರಪಂಜರ’ವನ್ನು 1971ರಲ್ಲಿ ಕನ್ನಡ ಚಿತ್ರಗಳಾಗಿಯೂ ತೆರೆಗೆ ತಂದರು. ಅಕ್ಷರ ಬಾರದವರೂ ಕಾವೇರಿಯನ್ನು ಅರಿತರು. ಮೂರು ಭಾಷೆಗಳ ಗಡಿಯಲ್ಲಿ ಬಾಳುವ ನಮ್ಮ ಗೂಡಲೂರಿನಂಥ ಊರುಗಳವರಿಗೆ, ಕನ್ನಡದ ಕಥೆಯೊಂದು ಮೊದಲು ಮಲೆಯಾಳದಲ್ಲಿ ಮಾತನಾಡಿದ ಸಂಗತಿ ವಿಶೇಷ ಸಂತೋಷವನ್ನು ಕೊಡತಕ್ಕದ್ದು.

ಉಪಾಧ್ಯಾಯ ಮಿತ್ರರಲ್ಲಿ ನಮ್ಮದೊಂದು ವಿಜ್ಞಾಪನೆ. ವಿದ್ಯಾರ್ಥಿನಿಯೊಬ್ಬಳು ಪ್ರಣಯ ಕಾದಂಬರಿಯನ್ನು ಪಾಠಪುಸ್ತಕದ ಮರೆಯಲ್ಲಿಟ್ಟು ಓದುತ್ತಿದ್ದರೆ ಕಸಿದುಕೊಳ್ಳುವ ಮೊದಲು ಅದು ಯಾರದೆಂದು ನೋಡಿರಿ. ತ್ರಿವೇಣಿಯವರದಾದರೆ, ಓದಿ ಮುಗಿಸಿದ ಮೇಲೆ ಕಾವೇರಿಗೆ ಆದುದೇನು, ಆ ಮನೆಯಲ್ಲಿ ತಾನಿದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ತರಗತಿಯಲ್ಲಿ ಹೇಳಿಸಿರಿ. ವಿದ್ಯಾರ್ಥಿಗಳಿಗೆ ನಾವು ಹೇಳುವುದು ಇನ್ನೂ ಸರಳ. ಕಾಯಿಲೆಯಿಂದ ಎದ್ದು ಬಂದವರು ಹೊಸ್ತಿಲಲ್ಲಿ ನಿಂತು ಸಿಹಿ ಕೊಡಲು ಕರೆದರೆ, ಹೋಗಿ ಕೈ ಚಾಚಿರಿ.