ಎದುರುಗಾಳಿಗೆ ಸಿಕ್ಕ ಹಾಯಿ: ಇಂಗ್ಲಿಷಿನ ‘ಟೇಕನ್ ಅಬ್ಯಾಕ್’ ಪ್ರಯೋಗದ ಚರಿತ್ರೆ

1. ಪ್ರಸ್ತಾವನೆ

ನಾವು ತಿದ್ದುವ ಇಂಗ್ಲಿಷ್ ಉತ್ತರಪತ್ರಿಕೆಗಳಲ್ಲಿ ‘ಐ ಟುಕ್ ಅಬ್ಯಾಕ್’ ಎಂಬ ವಾಕ್ಯ ಆಗಾಗ ಎದುರಾಗುತ್ತದೆ. ‘ನಾನು ಬೆರಗಾದೆ’ ಎಂಬುದು ವಿದ್ಯಾರ್ಥಿಯ ಉದ್ದೇಶ. ಅದನ್ನು ‘ಐ ವಾಸ್ ಟೇಕನ್ ಅಬ್ಯಾಕ್’ ಎಂದು ತಿದ್ದುತ್ತೇವೆ. ಆದರೆ ಇಲ್ಲಿ ಕರ್ಮಣಿ ಪ್ರಯೋಗವೇ ಏಕೆ ಬೇಕು, ‘ಅಬ್ಯಾಕ್’ ಎಂದರೇನು ಎಂದು ವಿದ್ಯಾರ್ಥಿ ಕೇಳಿದಾಗ ‘ಅದು ರೂಢಿ’ ಎಂದು ಹೇಳಿ ಸುಮ್ಮನಾಗುತ್ತೇವೆ. ಆ ರೂಢಿಗೆ ಒಂದು ಚರಿತ್ರೆಯಿದೆ. ಈ ಫ್ರೇಸಲ್ ಕ್ರಿಯಾಪದದ ಇಂದಿನ ವ್ಯಾಕರಣ ಮತ್ತು ಅರ್ಥಛಾಯೆ ಎರಡೂ 18ನೆಯ ಶತಮಾನದ ಹಾಯಿಹಡಗಿನ ಅನುಭವದಿಂದ ಬಂದವು ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

2. ‘ಅಬ್ಯಾಕ್’ ಪದದ ಹಿನ್ನೆಲೆ

‘ಅಬ್ಯಾಕ್’ ಮೂಲತಃ ಸಮುದ್ರದ ಪದವಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಹಿಂದಕ್ಕೆ’ ಎಂಬರ್ಥದ ‘ಆನ್ ಬ್ಯಾಕ್’ ಎಂಬ ಎರಡು ಪದಗಳು ಕೂಡಿ, ಮೊದಲನೆಯದು ಸವೆದು ‘ಅ’ ಮಾತ್ರ ಉಳಿದು ಈ ರೂಪ ಸಿದ್ಧವಾಯಿತು. ‘ಅಸ್ಲೀಪ್’, ‘ಅಲೈವ್’ ಪದಗಳ ಆದಿಯ ‘ಅ’ಕಾರವೂ ಇದೇ ‘ಆನ್’ ಎಂಬುದರ ಶೇಷ. ‘ಹಿಂದಕ್ಕೆ’ ಎನ್ನಲು ‘ಬ್ಯಾಕ್’ ಒಂದೇ ಸಾಕೆನಿಸಿದಂತೆ ‘ಅಬ್ಯಾಕ್’ನ ಸ್ವತಂತ್ರ ಬಳಕೆ ಕ್ಷೀಣಿಸಿತು. ಇಂದಿನ ಶಿಷ್ಟ ಇಂಗ್ಲಿಷಿನಲ್ಲಿ ಅದು ಬಹುಮಟ್ಟಿಗೆ ಈ ಒಂದು ನುಡಿಗಟ್ಟಿನಲ್ಲೇ ಉಳಿದುಕೊಂಡಿದೆ.

ಇಂತಹ ಪಳೆಯುಳಿಕೆ ಕನ್ನಡಕ್ಕೂ ಅಪರಿಚಿತವಲ್ಲ. ಹಳಗನ್ನಡದಲ್ಲಿ ‘ಬೆಕ್ಕಸ’ ಎಂಬುದು ಅಚ್ಚರಿ ಎಂಬರ್ಥದ ಸ್ವತಂತ್ರ ಪದ. ಇಂದು ಅದು ‘ಬೆಕ್ಕಸಬೆರಗು’ ಎಂಬ ಜೋಡುನುಡಿಯ ಆಸರೆಯಲ್ಲಿ ಬದುಕಿದೆ. ಎರಡೂ ಭಾಷೆಗಳಲ್ಲಿ ಬೆರಗಿನ ಮಾತೇ ಒಂದು ಹಳೆಯ ಪದವನ್ನು ಕಾಪಾಡಿದೆ.

3. ಹಡಗಿನ ಮೇಲೆ

ಚೌಕ ಹಾಯಿಯ ಹಡಗಿನಲ್ಲಿ ಕೂವೆಕಂಬಕ್ಕೆ ಅಡ್ಡಲಾಗಿ ಕಟ್ಟಿದ ತೊಲೆಗಳಿಂದ ಹಾಯಿಗಳು ಇಳಿಬಿದ್ದಿರುತ್ತವೆ. ಗಾಳಿ ಹಿಂದಿನಿಂದಲೋ ಪಕ್ಕದಿಂದಲೋ ಬಂದು ಹಾಯಿಯನ್ನು ಮುಂದಕ್ಕೆ ಉಬ್ಬಿಸಿದಾಗ ಹಡಗು ಸಾಗುತ್ತದೆ. ಗಾಳಿ ಹಠಾತ್ತನೆ ದಿಕ್ಕು ಬದಲಿಸಿದರೆ, ಇಲ್ಲವೇ ಚುಕ್ಕಾಣಿ ಹಿಡಿದವನು ಮೈಮರೆತು ಹಡಗಿನ ಮೂತಿಯನ್ನು ಗಾಳಿಯತ್ತ ಹೆಚ್ಚು ತಿರುಗಿಸಿದರೆ, ಗಾಳಿ ಹಾಯಿಯ ಮುಂಬದಿಗೆ ಬಡಿಯುತ್ತದೆ. ಹಾಯಿ ಕೂವೆಕಂಬಕ್ಕೆ ಅಂಟಿಕೊಳ್ಳುತ್ತದೆ. ಸಾಗುತ್ತಿದ್ದ ಹಡಗು ನಿಲ್ಲುತ್ತದೆ, ಹಿಂದಕ್ಕೂ ಸರಿಯತೊಡಗುತ್ತದೆ. ಕಂಬಗಳನ್ನು ಬಿಗಿದ ಹಗ್ಗಗಳಲ್ಲಿ ಹೆಚ್ಚಿನವು ಹಿಂದಿನ ಗಾಳಿಯ ಒತ್ತಡವನ್ನು ತಾಳಲೆಂದು ಕಟ್ಟಿದವು. ಆದ್ದರಿಂದ ಜೋರಾದ ಎದುರುಗಾಳಿಗೆ ಕಂಬವೇ ಮುರಿದುಬೀಳುವ ಅಪಾಯವಿತ್ತು.

ಈ ಸ್ಥಿತಿಯ ವಿವರಣೆ ವಿಲಿಯಂ ಫಾಲ್ಕನರನ ನೌಕಾ ನಿಘಂಟಿನಲ್ಲಿದೆ. ಎಡಿನ್‌ಬರೋದಲ್ಲಿ ಹುಟ್ಟಿದ ಫಾಲ್ಕನರ್ ನಾವಿಕನೂ ಕವಿಯೂ ಆಗಿದ್ದವನು. ನೌಕಾಘಾತವನ್ನೇ ವಸ್ತುವಾಗಿಸಿಕೊಂಡ ಅವನ ಕಾವ್ಯ 1762ರಲ್ಲಿ, ನಿಘಂಟು 1769ರಲ್ಲಿ ಪ್ರಕಟವಾದವು. ‘ಅಬ್ಯಾಕ್’ ಎಂಬ ಉಲ್ಲೇಖದಡಿ ಅವನು ಮಾಡುವ ಒಂದು ಭೇದ ನಮ್ಮ ವಾದಕ್ಕೆ ಮುಖ್ಯ. ಗಾಳಿಯ ಅಥವಾ ಹಡಗಿನ ದಿಕ್ಕು ಬದಲಾಗಿ ಹಾಯಿಗಳು ತಾವಾಗಿ ಈ ಸ್ಥಿತಿಗೆ ಸಿಲುಕಿದರೆ ಅವು ‘ಟೇಕನ್ ಅಬ್ಯಾಕ್’. ಹಡಗನ್ನು ಹಿಮ್ಮೆಟ್ಟಿಸಲೆಂದು ನಾವಿಕರೇ ಉದ್ದೇಶಪೂರ್ವಕವಾಗಿ ಹಾಯಿಗಳನ್ನು ಹಾಗೆ ತಿರುಗಿಸಿದರೆ ಅವು ‘ಲೇಯ್ಡ್ ಅಬ್ಯಾಕ್’. ಹಾಯಿಯ ಭೌತಿಕ ಸ್ಥಿತಿ ಎರಡರಲ್ಲೂ ಒಂದೇ. ಅದು ಮನುಷ್ಯನ ಹಿಡಿತದಲ್ಲಿ ಇತ್ತೇ, ಇರಲಿಲ್ಲವೇ ಎಂಬುದನ್ನು ಕ್ರಿಯಾಪದ ನಿರ್ಧರಿಸುತ್ತದೆ.

ನಿಘಂಟು ಹೊರಬಂದ ವರ್ಷವೇ ಫಾಲ್ಕನರ್ ‘ಅರೋರಾ’ ಎಂಬ ಹಡಗನ್ನೇರಿ ಭಾರತದತ್ತ ಹೊರಟ. ಆ ಡಿಸೆಂಬರಿನಲ್ಲಿ ಗುಡ್‌ಹೋಪ್ ಭೂಶಿರವನ್ನು ಬಿಟ್ಟ ಹಡಗು ಮತ್ತೆ ಯಾರಿಗೂ ಕಾಣಲಿಲ್ಲ.

4. ನೆಲದ ಮಾತಿಗೆ

19ನೆಯ ಶತಮಾನದ ಮೊದಲರ್ಧದಲ್ಲಿ ಈ ನುಡಿಗಟ್ಟು ಹಡಗಿನಿಂದಿಳಿದು ಪತ್ರಿಕೆ, ಕಾದಂಬರಿಗಳ ಭಾಷೆಯನ್ನು ಸೇರಿತು. ಹಾಯಿಯ ಸ್ಥಾನದಲ್ಲಿ ಮನುಷ್ಯ ನಿಂತ. ಗಾಳಿಯ ಸ್ಥಾನದಲ್ಲಿ ಅನಿರೀಕ್ಷಿತ ಮಾತು, ಸುದ್ದಿ, ವರ್ತನೆಗಳು ಬಂದವು. ಇಲ್ಲಿ ಗಮನಿಸಬೇಕಾದುದು, ಸಾಮಾನ್ಯ ಭಾಷೆಗೆ ದಾಟಿ ನೆಲೆನಿಂತದ್ದು ‘ಟೇಕನ್’ ಮಾತ್ರ ಎಂಬುದು. ‘ಲೇಯ್ಡ್ ಅಬ್ಯಾಕ್’ ನಾವಿಕರ ವೃತ್ತಿಭಾಷೆಯಲ್ಲೇ ಉಳಿಯಿತು. ಬುದ್ಧಿಪೂರ್ವಕವಾಗಿ ಬೆರಗಾಗಲು ಯಾರಿಗೂ ಸಾಧ್ಯವಿಲ್ಲವಷ್ಟೆ.

ಇಂದಿನ ದಿನಬಳಕೆಯ ವಾಕ್ಯಗಳ ಮೂರು ಲಕ್ಷಣಗಳನ್ನು ಈ ಹಿನ್ನೆಲೆ ವಿವರಿಸುತ್ತದೆ. ಮೊದಲನೆಯದು, ಕರ್ಮಣಿಯ ಪ್ರಾಬಲ್ಯ: ‘ಶಿ ವಾಸ್ ಟೇಕನ್ ಅಬ್ಯಾಕ್ ಬೈ ಹಿಸ್ ಕ್ವೆಶ್ಚನ್’. ಕರ್ತರಿಯೂ ಸಾಧ್ಯ, ಆದರೆ ಆಗ ಗಾಳಿಯ ಸ್ಥಾನದಲ್ಲಿರುವುದೇ ಕರ್ತೃವಾಗಬೇಕು: ‘ಹಿಸ್ ಕ್ವೆಶ್ಚನ್ ಟುಕ್ ಹರ್ ಅಬ್ಯಾಕ್’. ಬೆರಗಾದವರನ್ನೇ ಕರ್ತೃವಾಗಿಸಿದ ‘ಐ ಟುಕ್ ಅಬ್ಯಾಕ್’ ತಪ್ಪಾಗುವುದು ಇದರಿಂದಲೇ. ಎರಡನೆಯದು, ಆಕಸ್ಮಿಕತೆ. ನಿಧಾನವಾಗಿ ಮೂಡುವ ವಿಸ್ಮಯಕ್ಕೆ ಈ ಪ್ರಯೋಗ ಒಗ್ಗುವುದಿಲ್ಲ. ಮೂರನೆಯದು, ತಡೆ. ಸಾಗುತ್ತಿದ್ದ ಮಾತು ಅಥವಾ ಯೋಚನೆ ಒಂದು ಕ್ಷಣ ನಿಂತುಹೋಗಬೇಕು. ಬೆಟ್ಟದ ತುದಿಯಿಂದ ಸೂರ್ಯೋದಯವನ್ನು ಕಂಡು ಮೈಮರೆತವರಿಗೆ ‘ಅಮೇಜ್ಡ್’ ಒಪ್ಪುತ್ತದೆ. ಸ್ನೇಹಿತನಿಂದ ಒರಟು ಉತ್ತರ ಕೇಳಿದವರಿಗೆ ‘ಟೇಕನ್ ಅಬ್ಯಾಕ್’ ಒಪ್ಪುತ್ತದೆ. ಒರಟುತನವೇ ಆಗಬೇಕೆಂದಿಲ್ಲ, ಅನಿರೀಕ್ಷಿತ ಔದಾರ್ಯವೂ ಹೀಗೆ ತಡೆದು ನಿಲ್ಲಿಸಬಲ್ಲದು.

‘ಸರ್‌ಪ್ರೈಸ್’ ಪದದಲ್ಲೂ ಇಂತಹದೇ ಚಿತ್ರವಿದೆ. ಅದರ ಫ್ರೆಂಚ್ ಮೂಲಕ್ಕೆ ‘ಮೇಲೆರಗಿ ಹಿಡಿ’ ಎಂಬ ಅರ್ಥವಿತ್ತು. ಅಲ್ಲಿಯೂ ಬೆರಗಾದವನು ಹಿಡಿಯುವವನಲ್ಲ, ಹಿಡಿಯಲ್ಪಟ್ಟವನು.

5. ಕನ್ನಡದ ಕಲಿಕೆಗೆ

ಕನ್ನಡದಲ್ಲಿ ಬೆರಗಿನ ಕ್ರಿಯಾಪದಗಳು ಬಹುತೇಕ ಅಕರ್ಮಕ: ಬೆರಗಾದೆ, ಬೆಚ್ಚಿಬಿದ್ದೆ, ತಬ್ಬಿಬ್ಬಾದೆ. ಅನುಭವಿಸುವವರೇ ಕರ್ತೃ. ‘ನನಗೆ ಅಚ್ಚರಿಯಾಯಿತು’ ಎಂಬಲ್ಲಿ ಅವರು ಚತುರ್ಥಿಗೆ ಸರಿಯುತ್ತಾರೆ, ಆದರೂ ಕರ್ಮಣಿ ಬೇಕಾಗುವುದಿಲ್ಲ. ಹಿಡಿತ ತಪ್ಪಿದ್ದನ್ನು ಸೂಚಿಸಲು ‘ಆಗು’, ‘ಬೀಳು’ ಕ್ರಿಯೆಗಳೇ ನಮಗೆ ಸಾಕು. ಹೀಗಾಗಿ ವಿದ್ಯಾರ್ಥಿಯ ‘ಐ ಟುಕ್ ಅಬ್ಯಾಕ್’ ಅಜಾಗರೂಕತೆಯ ತಪ್ಪಲ್ಲ. ‘ನಾನು ಬೆರಗಾದೆ’ ಎಂಬ ವಾಕ್ಯದ ರಚನೆಯೇ ಇಂಗ್ಲಿಷಿನಲ್ಲಿ ಇಣುಕಿದೆ.

ಅನುವಾದದಲ್ಲಿಯೂ ‘ಆಶ್ಚರ್ಯಪಟ್ಟರು’ ಎಂದಷ್ಟೇ ಬರೆದರೆ ಆ ತಡೆ ಕಳೆದುಹೋಗುತ್ತದೆ. ಸಂದರ್ಭಕ್ಕೆ ತಕ್ಕಂತೆ ‘ತಬ್ಬಿಬ್ಬಾದರು’, ‘ಅವಾಕ್ಕಾದರು’, ‘ಒಂದು ಕ್ಷಣ ಏನೂ ತೋಚಲಿಲ್ಲ’ ಎಂಬವು ಮೂಲಕ್ಕೆ ಹತ್ತಿರ. ‘ದಿಗ್ಭ್ರಮೆ’ ಎಂಬ ಸಂಸ್ಕೃತ ಪದದಲ್ಲಂತೂ ದಿಕ್ಕು ತಪ್ಪಿದವರ ಚಿತ್ರವೇ ಇದೆ. ಅದರ ತೀವ್ರತೆ ತುಸು ಹೆಚ್ಚೆಂಬುದೊಂದೇ ತೊಡಕು.

6. ಉಪಸಂಹಾರ

ನುಡಿಗಟ್ಟುಗಳನ್ನು ಅರ್ಥದೊಡನೆ ಪಟ್ಟಿಮಾಡಿ ಬಾಯಿಪಾಠ ಮಾಡಿಸುವುದು ನಮ್ಮ ತರಗತಿಗಳ ವಾಡಿಕೆ. ಅಂತಹ ಪಟ್ಟಿಯಲ್ಲಿ ‘ಟೇಕನ್ ಅಬ್ಯಾಕ್’ ಎದುರಿಗೆ ‘ಸರ್‌ಪ್ರೈಸ್ಡ್’ ಎಂದು ಬರೆದರೆ ಅರ್ಧ ಸತ್ಯ ಮಾತ್ರ ತಿಳಿಯುತ್ತದೆ. ಕಪ್ಪುಹಲಗೆಯ ಮೇಲೆ ಒಂದು ಕಂಬ, ಒಂದು ಹಾಯಿ, ಎದುರಿನಿಂದ ಬರುವ ಗಾಳಿಗೊಂದು ಬಾಣದ ಗುರುತು ಬರೆದು ತೋರಿಸಿದರೆ, ಕರ್ತೃ ಯಾವುದು, ಕರ್ಮ ಯಾವುದು ಎಂಬುದನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳಬಲ್ಲರು. ಈ ಪ್ರಯೋಗದ ಮಟ್ಟಿಗಂತೂ ಪದಚರಿತ್ರೆ ವ್ಯಾಕರಣಪಾಠದ ಹೊರಗಿನ ವಿಷಯವಲ್ಲ.