ಕೊಸೈನಿನಿಂದ ಕೋಣೆಯ ಪರದೆಯವರೆಗೆ

ಚಲನಚಿತ್ರವನ್ನು ಸಂಖ್ಯೆಗಳಾಗಿ ಪರಿವರ್ತಿಸಿ, ಆ ಸಂಖ್ಯೆಗಳ ರಾಶಿಯನ್ನು ಕುಗ್ಗಿಸಿ ಕಡತವಾಗಿ ಇರಿಸುವ, ಬೇಕಾದಾಗ ಅದನ್ನೇ ಹಿಗ್ಗಿಸಿ ಪರದೆಗೂ ಸ್ಪೀಕರುಗಳಿಗೂ ಒಪ್ಪಿಸುವ ಕ್ರಮಕ್ಕೆ ಕೋಡೆಕ್ ಎಂದು ಹೆಸರು; ಸಂಕೇತಕ್ಕೆ ಇಳಿಸುವ ಕೋಡರ್ ಮತ್ತು ಸಂಕೇತವನ್ನು ಬಿಡಿಸುವ ಡಿಕೋಡರ್ ಎಂಬೆರಡು ಪದಗಳ ಮೊದಲಕ್ಷರಗಳನ್ನು ಕೂಡಿಸಿ ಈ ಹೆಸರನ್ನು ಕಟ್ಟಲಾಗಿದೆ. ಮನೆಯ ಕೋಣೆಯಲ್ಲಿ ದೊಡ್ಡ ಪರದೆಗೂ ಸುತ್ತಲಿನ ಸ್ಪೀಕರುಗಳಿಗೂ ಚಿತ್ರ ಮತ್ತು ಧ್ವನಿಯನ್ನು ಒದಗಿಸಲೆಂದೇ ಮೀಸಲಾದ ಗಣಕ, ಅಂದರೆ ಹೋಮ್ ಥಿಯೇಟರ್ ಕಂಪ್ಯೂಟರ್, 1990ರ ದಶಕದ ಕೊನೆಯಲ್ಲಿ ಕಾಣಿಸಿಕೊಂಡಂದಿನಿಂದ, ಯಾವ ಕೋಡೆಕ್ಕನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆ ಅದರ ಒಡೆಯರನ್ನು ಬಿಟ್ಟಿಲ್ಲ. ಮೇಲ್ನೋಟಕ್ಕೆ ಇದು ಕಣ್ಣು ಕಿವಿಗಳ ತೃಪ್ತಿಗೆ ಸಂಬಂಧಿಸಿದ ಆಯ್ಕೆ. ಆದರೆ ಇದರ ಇತಿಹಾಸವನ್ನು ಪರಿಶೀಲಿಸಿದರೆ, ತಟ್ಟೆಯ ಧಾರಣಶಕ್ತಿ, ಪ್ರೊಸೆಸರಿನ ವೇಗ, ತಂತಿಯು ಹೊರಬಲ್ಲ ಭಾರ ಹಾಗೂ ಪೇಟೆಂಟ್ ಕಾನೂನು, ಈ ನಾಲ್ಕೂ ಸೇರಿ ಆ ಆಯ್ಕೆಯ ಬಹುಪಾಲನ್ನು ಮೊದಲೇ ನಿರ್ಣಯಿಸಿದ್ದವೆಂಬುದೂ, ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲದ ಡಿಕೋಡರುಗಳು ಬಂದ ಮೇಲಷ್ಟೇ ವೀಕ್ಷಕರ ಕೈಗೆ ನಿಜವಾದ ಸ್ವಾತಂತ್ರ್ಯ ಬಂದಿತೆಂಬುದೂ ಸ್ಪಷ್ಟವಾಗುತ್ತದೆ.

ಸಂಕೋಚನವಿಲ್ಲದೆ ಈ ಕಥೆಯೇ ಇಲ್ಲ. ಭಾರತದ ದೂರದರ್ಶನ ಪದ್ಧತಿಗೆ ಹೊಂದುವ ಡಿವಿಡಿ ಚಿತ್ರದ ಒಂದು ಚೌಕಟ್ಟಿನಲ್ಲಿ 720 ಅಡ್ಡ ಮತ್ತು 576 ಉದ್ದ ಬಿಂದುಗಳಿರುತ್ತವೆ. ಪ್ರತಿ ಬಿಂದುವಿಗೆ 3 ಬೈಟುಗಳಂತೆ, ಸೆಕೆಂಡಿಗೆ 25 ಚೌಕಟ್ಟುಗಳಂತೆ ಲೆಕ್ಕ ಹಾಕಿದರೆ ಎರಡು ಗಂಟೆಗಳ ಚಿತ್ರಕ್ಕೆ ಸುಮಾರು 224 ಗಿಗಾಬೈಟ್ ಬೇಕಾಗುತ್ತದೆ. ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಗುರುತಿಸದಿರುವುದರಿಂದ ಬಣ್ಣದ ವಿವರಗಳನ್ನು ಕಡಿತಗೊಳಿಸಿ ಇದನ್ನು ಅರ್ಧಕ್ಕೆ ಇಳಿಸಬಹುದಾದರೂ, ಉಳಿಯುವ 112 ಗಿಗಾಬೈಟನ್ನು ಎರಡು ಪದರಗಳ ಡಿವಿಡಿಯ 8.5 ಗಿಗಾಬೈಟಿನೊಳಗೆ ಹಿಡಿಸುವ ಕೆಲಸ ಬಾಕಿಯೇ ಇರುತ್ತದೆ.

ಆ ಕೆಲಸವನ್ನು ಸಾಧ್ಯವಾಗಿಸಿದ ಗಣಿತ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಒಬ್ಬ ಎಂಜಿನಿಯರರದು. 1940ರಲ್ಲಿ ಜನಿಸಿದ ನಾಸಿರ್ ಅಹ್ಮದ್ ಅವರು ಈಗ ವಿಶ್ವವಿದ್ಯಾಲಯ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು ಎಂದು ಹೆಸರಾಗಿರುವ ಸಂಸ್ಥೆಯಿಂದ 1961ರಲ್ಲಿ ಪದವಿ ಪಡೆದು, ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ, ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು. ಚಿತ್ರದ ಬಿಂದುಗಳ ಮೌಲ್ಯಗಳನ್ನು ಕೊಸೈನ್ ಅಲೆಗಳ ಮೊತ್ತವಾಗಿ ಬರೆದರೆ ಸಂಕೋಚನ ಸುಲಭವಾಗುವುದೆಂಬ ಕಲ್ಪನೆಯನ್ನು ಬೆಳೆಸಲು ಅವರು 1972ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅನುದಾನ ಕೋರಿದರು, ಅದು ದೊರೆಯಲಿಲ್ಲ. ಅವರು ಕೆಲಸ ನಿಲ್ಲಿಸದೆ, ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಾಸ್ ವಿಶ್ವವಿದ್ಯಾಲಯದ ಕೆ.ಆರ್. ರಾವ್ ಅವರೊಡಗೂಡಿ 1974ರ ಜನವರಿಯಲ್ಲಿ ಕೆಲವೇ ಪುಟಗಳ ಲೇಖನವೊಂದನ್ನು ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಸಂಕ್ಷೇಪವಾಗಿ ಡಿಸಿಟಿ, ಎಂಬ ಈ ಪರಿವರ್ತನೆಯು ಚಿತ್ರದ 8 ಗುಣಿಸು 8 ಬಿಂದುಗಳ ಚೌಕವೊಂದನ್ನು 64 ಅಲೆಗಳ ಪ್ರಮಾಣಗಳಾಗಿ ಮಾರ್ಪಡಿಸುತ್ತದೆ. ಗೋಡೆ, ಆಕಾಶ, ಮುಖ ಮುಂತಾದ ನಿಸರ್ಗಸಹಜ ದೃಶ್ಯಗಳಲ್ಲಿ ನೆರೆಹೊರೆಯ ಬಿಂದುಗಳು ಬಹುಮಟ್ಟಿಗೆ ಒಂದೇ ಬಗೆಯಾಗಿರುವುದರಿಂದ ಚಿತ್ರದ ಸಾರವೆಲ್ಲ ಮೊದಲ ಕೆಲವು ನಿಧಾನದ ಅಲೆಗಳಲ್ಲೇ ಸೇರಿಕೊಳ್ಳುತ್ತದೆ. ಉಳಿದ ವೇಗದ ಅಲೆಗಳ ಪ್ರಮಾಣಗಳನ್ನು ಸ್ಥೂಲವಾಗಿ ದುಂಡಾಗಿಸಿದರೆ ಅವುಗಳಲ್ಲಿ ಹೆಚ್ಚಿನವು ಸೊನ್ನೆಯಾಗಿ, ಬರೆದಿಡಬೇಕಾದ ಅಗತ್ಯವನ್ನೇ ಕಳೆದುಕೊಳ್ಳುತ್ತವೆ. ಹೀಗೆ ದುಂಡಾಗಿಸಿದ್ದು ಮರಳಿ ಬಾರದು ಎಂಬುದನ್ನು ಇಲ್ಲಿಯೇ ಗಮನಿಸಬೇಕು, ಏಕೆಂದರೆ ಮುಂದೆ ಒಂದು ಕೋಡೆಕ್ಕಿನಿಂದ ಇನ್ನೊಂದಕ್ಕೆ ಚಿತ್ರವನ್ನು ಬದಲಾಯಿಸಿದವರೆಲ್ಲರೂ ಪ್ರತಿ ಬಾರಿಯೂ ಈ ನಷ್ಟವನ್ನು ಹೊಸದಾಗಿ ಹೊತ್ತರು. ಕರ್ನಾಟಕದ ಎಂಜಿನಿಯರಿಂಗ್ ಇತಿಹಾಸದಲ್ಲಿ ಅಣೆಕಟ್ಟು ಮತ್ತು ಸೇತುವೆಗಳಿಗೆ ಸಲ್ಲುವ ಗೌರವ ಈ ಪುಟ್ಟ ಲೇಖನಕ್ಕೂ ಸಲ್ಲಬೇಕಾದದ್ದು.

ಡಿಸಿಟಿಯ ಜತೆಗೆ ಚಲನೆಯ ಊಹೆ ಸೇರಿದಾಗ ಇಂದಿನ ವಿಡಿಯೊ ಕೋಡೆಕ್ಕಿನ ಅಸ್ಥಿಪಂಜರ ಸಿದ್ಧವಾಯಿತು. ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಬದಲಾಗುವುದು ಸ್ವಲ್ಪವೇ ಆದ್ದರಿಂದ, ಹಿಂದಿನ ಚೌಕಟ್ಟಿನ ಯಾವ ಭಾಗ ಎತ್ತ ಸರಿಯಿತು ಎಂಬುದನ್ನಷ್ಟೇ ಹೇಳಿ, ಊಹೆಗೂ ವಾಸ್ತವಕ್ಕೂ ಉಳಿಯುವ ವ್ಯತ್ಯಾಸವನ್ನು ಮಾತ್ರ ಡಿಸಿಟಿಗೆ ಒಳಪಡಿಸುವ ಈ ಕ್ರಮವು ದೂರವಾಣಿ ತಂತಿಯ ಮೂಲಕ ಮುಖ ನೋಡಿ ಮಾತನಾಡಲೆಂದು 1988ರಲ್ಲಿ ರೂಪಿಸಲಾದ ಎಚ್.261 ಮಾನಕದಲ್ಲಿ ನೆಲೆಗೊಂಡಿತು. ಅದೇ ವರ್ಷ ಸ್ಥಾಪನೆಯಾದ ಎಂಪೆಗ್ ಎಂಬ ಅಂತರರಾಷ್ಟ್ರೀಯ ತಜ್ಞರ ಮಂಡಳಿಯು 1993ರಲ್ಲಿ ಹೊರತಂದ ಎಂಪೆಗ್-1 ಮಾನಕವು ವಿಡಿಯೊ ಸಿಡಿಗೆ ಆಧಾರವಾಯಿತು. ಸಂಗೀತದ ಸಿಡಿಯನ್ನು ಅದರ ಸಹಜ ವೇಗದಲ್ಲಿ ತಿರುಗಿಸಿದಾಗ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್‌ಗಳು ಹೊರಬರುತ್ತವೆ. ಚಿತ್ರವೂ ಧ್ವನಿಯೂ ಈ ಪ್ರವಾಹದಲ್ಲೇ ಅಡಕವಾಗಬೇಕಾದ್ದರಿಂದ ಚಿತ್ರಕ್ಕೆ 1150 ಕಿಲೋಬಿಟ್, ಧ್ವನಿಗೆ 224 ಕಿಲೋಬಿಟ್ ಎಂಬ ಹಂಚಿಕೆ ಬಂದಿತು, ಚೌಕಟ್ಟು 352 ಗುಣಿಸು 288 ಬಿಂದುಗಳಿಗೆ ಇಳಿಯಿತು, ಮತ್ತು ಒಂದು ತಟ್ಟೆ 74 ನಿಮಿಷಗಳಿಗೆ ತುಂಬುತ್ತಿದ್ದುದರಿಂದ ಭಾರತದ ದೀರ್ಘ ಚಲನಚಿತ್ರಗಳು ಎರಡು ಅಥವಾ ಮೂರು ತಟ್ಟೆಗಳಲ್ಲಿ ಮಾರಾಟವಾದವು. ಕನ್ನಡ ಚಿತ್ರಗಳೂ ಯಕ್ಷಗಾನ ಪ್ರಸಂಗಗಳೂ ಮನೆಮನೆಗೆ ತಲುಪಿದ್ದು ಬಹುಕಾಲ ಈ ರೂಪದಲ್ಲಿಯೇ.

ಹೋಮ್ ಥಿಯೇಟರ್ ಕಂಪ್ಯೂಟರಿನ ನಿಜವಾದ ಆರಂಭ ಡಿವಿಡಿಯಿಂದ. 1996ರ ನವೆಂಬರಿನಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಡಿವಿಡಿಯಲ್ಲಿ ಎಂಪೆಗ್-2 ಕೋಡೆಕ್ಕಿನ ಚಿತ್ರ ಸೆಕೆಂಡಿಗೆ 98 ಲಕ್ಷ ಬಿಟ್‌ಗಳವರೆಗೆ ಹರಿಯಬಹುದಿತ್ತು. ಅಂದಿನ ಸಾಮಾನ್ಯ ಪ್ರೊಸೆಸರುಗಳು ಅಷ್ಟನ್ನು ಬಿಡಿಸಲಾರದೆ ತಡವರಿಸುತ್ತಿದ್ದುದರಿಂದ, ಡಿವಿಡಿ ಡ್ರೈವಿನೊಂದಿಗೆ ಎಂಪೆಗ್-2 ಬಿಡಿಸಲೆಂದೇ ತಯಾರಾದ ಪ್ರತ್ಯೇಕ ಕಾರ್ಡನ್ನೂ ಕೊಳ್ಳುವುದು ವಾಡಿಕೆಯಾಗಿತ್ತು. ಕೆಲವೇ ವರ್ಷಗಳಲ್ಲಿ ಪ್ರೊಸೆಸರುಗಳು ವೇಗ ಪಡೆದು, ಗ್ರಾಫಿಕ್ಸ್ ಚಿಪ್ಪುಗಳು ಚಲನೆಯ ಊಹೆ ಮತ್ತು ಡಿಸಿಟಿಯ ವಿಲೋಮ ಗಣನೆಯನ್ನು ತಾವೇ ವಹಿಸಿಕೊಂಡ ಮೇಲೆ ಆ ಕಾರ್ಡುಗಳು ಮರೆಯಾದವು.

ಧ್ವನಿಯ ಇತಿಹಾಸ ಚಿತ್ರಮಂದಿರದಿಂದ ಮನೆಗೆ ಇಳಿದು ಬಂದದ್ದು. 1992ರ ಬ್ಯಾಟ್‌ಮನ್ ರಿಟರ್ನ್ಸ್ ಚಿತ್ರದೊಂದಿಗೆ ಮಂದಿರಗಳಲ್ಲಿ ಕೇಳಿಸಿದ ಡಾಲ್ಬಿ ಡಿಜಿಟಲ್ ಮತ್ತು 1993ರ ಜುರಾಸಿಕ್ ಪಾರ್ಕ್ ಜತೆ ಬಂದ ಡಿಟಿಎಸ್, ಇವೆರಡೂ 5.1 ಎಂಬ ವಿನ್ಯಾಸದವು. ಮುಂದೆ ಮೂರು, ಹಿಂಬದಿಯಲ್ಲಿ ಎರಡು ಸ್ಪೀಕರುಗಳಿಗೆ ಐದು ಪೂರ್ಣ ವಾಹಿನಿಗಳು, ಗುಡುಗಿನಂಥ ತಗ್ಗಿನ ನಾದಕ್ಕೆ ಸೀಮಿತವಾದ ಒಂದು ವಾಹಿನಿ ಎಂಬುದು ಆ ಸಂಖ್ಯೆಯ ಅರ್ಥ. ಎಸಿ-3 ಎಂಬ ಕೋಡೆಕ್ ಹೆಸರಿನ ಡಾಲ್ಬಿ ಡಿಜಿಟಲ್, ಡಿಸಿಟಿಯ ಮಾರ್ಪಾಡೊಂದನ್ನು ಬಳಸಿ, ಜೋರಾದ ನಾದದ ಮರೆಯಲ್ಲಿ ಕಿವಿಗೆ ಕೇಳಿಸದ ಕ್ಷೀಣ ನಾದಗಳನ್ನು ಕೈಬಿಟ್ಟು, ಆರೂ ವಾಹಿನಿಗಳನ್ನು ಡಿವಿಡಿಯಲ್ಲಿ ಹೆಚ್ಚೆಂದರೆ 448 ಕಿಲೋಬಿಟ್‌ಗಳಲ್ಲಿ ಹಿಡಿಸುತ್ತಿತ್ತು. ಗಣಕದಿಂದ ಧ್ವನಿವರ್ಧಕ ರಿಸೀವರಿಗೆ ಹೋಗುವ ಎಸ್‌ಪಿಡಿಐಎಫ್ ತಂತಿಯನ್ನು ಎರಡು ವಾಹಿನಿಗಳ ಸಂಗೀತಕ್ಕಾಗಿ ರೂಪಿಸಲಾಗಿತ್ತು. ಸಂಕೋಚಿತ ಎಸಿ-3 ಅಥವಾ ಡಿಟಿಎಸ್ ಪ್ರವಾಹವನ್ನು ಬಿಡಿಸದೆ ಹಾಗೆಯೇ ದಾಟಿಸಿದರೆ ಮಾತ್ರ ಅದರಲ್ಲಿ 5.1 ಹಿಡಿಯುತ್ತಿತ್ತು. ಪಾಸ್‌ಥ್ರೂ ಎಂದು ಕರೆಯುವ ಈ ಪದ್ಧತಿಯಿಂದಾಗಿ, ಬೇರೆ ಕೋಡೆಕ್ಕುಗಳು ಎಷ್ಟೇ ಉತ್ತಮವಾಗಿದ್ದರೂ ರಿಸೀವರಿಗೆ ಅರ್ಥವಾಗುವ ಈ ಎರಡೇ ಕೋಡೆಕ್ಕುಗಳು ಮನೆಗಳಲ್ಲಿ ಬೇರೂರಿದವು.

ಡಿವಿಡಿಗೆ ಬೀಗವೂ ಇತ್ತು. ತಟ್ಟೆಯ ವಿಷಯವನ್ನು ಗೂಢಲಿಪಿಯಲ್ಲಿ ಮುಚ್ಚಿಡುವ ಸಿಎಸ್ಎಸ್ ಎಂಬ ವ್ಯವಸ್ಥೆಯ ಪರವಾನಗಿಯಿಲ್ಲದ ಲಿನಕ್ಸ್ ಗಣಕಗಳಲ್ಲಿ, ಹಣ ಕೊಟ್ಟು ಕೊಂಡ ತಟ್ಟೆಯೂ ಓಡುತ್ತಿರಲಿಲ್ಲ. 1999ರಲ್ಲಿ ಈ ಬೀಗವನ್ನು ತೆರೆಯುವ ಡಿಸಿಎಸ್ಎಸ್ ಎಂಬ ಪುಟ್ಟ ತಂತ್ರಾಂಶ ಹೊರಬಂದಾಗ ಅದರ ಹಿಂದಿನವರಲ್ಲಿ ಒಬ್ಬರಾದ ನಾರ್ವೆಯ ಯೋನ್ ಲೆಕ್ ಯೋಹಾನ್ಸೆನ್ ಇನ್ನೂ ಹದಿಹರೆಯದವರು. ಅವರ ಮೇಲೆ ಹೂಡಿದ ಮೊಕದ್ದಮೆಯಲ್ಲಿ 2003ರಲ್ಲಿ ಎರಡು ನ್ಯಾಯಾಲಯಗಳು ಅವರನ್ನು ನಿರ್ದೋಷಿ ಎಂದು ಘೋಷಿಸಿದವು. ಕೊಂಡ ವಸ್ತುವನ್ನು ತನ್ನ ಗಣಕದಲ್ಲಿ ನೋಡುವ ಹಕ್ಕು ಕೊಂಡವನಿಗಿದೆ ಎಂಬ ಆ ತೀರ್ಪು ನ್ಯಾಯವಾದದ್ದೇ.

ಇದೇ ಹೊತ್ತಿಗೆ ಡಿವಿಡಿ ಚಿತ್ರವನ್ನು 700 ಮೆಗಾಬೈಟಿನ ಒಂದು ಸಿಡಿಗೆ ಇಳಿಸುವ ಆಸೆ ಹುಟ್ಟಿತು. ಮೈಕ್ರೋಸಾಫ್ಟ್ ತನ್ನದೇ ಕಡತ ರೂಪಕ್ಕೆ ಸೀಮಿತಗೊಳಿಸಿದ್ದ ಎಂಪೆಗ್-4 ಕೋಡೆಕ್ಕೊಂದನ್ನು ಫ್ರಾನ್ಸಿನ ಜೆರೋಮ್ ರೋಟಾ ಆ ಕಟ್ಟಿನಿಂದ ಬಿಡಿಸಿ ಡಿವ್ಎಕ್ಸ್ ಎಂಬ ಹೆಸರಿನಲ್ಲಿ ಹಂಚಿದರು. ಅದು ಕಂಪನಿಯ ಸೊತ್ತಾಗಿ ಮಾರ್ಪಟ್ಟಾಗ, ಮುಕ್ತ ಸಂಕೇತದ ಕೆಲಸವನ್ನು ಮುಂದುವರಿಸಲು ಬಯಸಿದವರು 2001ರಲ್ಲಿ ಅದೇ ಅಕ್ಷರಗಳನ್ನು ತಿರುಗಿಸಿ ಎಕ್ಸ್‌ವಿಡ್ ಎಂಬ ಕೋಡೆಕ್ಕನ್ನು ಕಟ್ಟಿದರು. ಕಡತದ ಹೊರಗವಚ ಮತ್ತು ಒಳಗಿನ ಕೋಡೆಕ್ ಬೇರೆಬೇರೆ ಎಂಬ ತಿಳಿವಳಿಕೆ ಸಾಮಾನ್ಯ ಬಳಕೆದಾರರಿಗೆ ಬಂದದ್ದು ಈ ಕಾಲದಲ್ಲಿ. ಕವಚವೆಂಬುದು ಚಿತ್ರ, ಧ್ವನಿ ಮತ್ತು ಉಪಶೀರ್ಷಿಕೆಗಳನ್ನು ಒಟ್ಟಿಗೆ ಇರಿಸುವ ಡಬ್ಬಿ. 1992ರ ಎವಿಐ ಡಬ್ಬಿಯಲ್ಲಿ ಕೋಡೆಕ್ಕಿನ ಗುರುತಿಗೆ ನಾಲ್ಕು ಅಕ್ಷರಗಳಷ್ಟೇ ಇರುತ್ತಿದ್ದವು, ಆ ಗುರುತಿನ ಕೋಡೆಕ್ ಗಣಕದಲ್ಲಿ ಇಲ್ಲದಿದ್ದರೆ ಧ್ವನಿ ಮಾತ್ರ ಕೇಳಿಸಿ ಪರದೆ ಕಪ್ಪಾಗುತ್ತಿತ್ತು. ಸಿಕ್ಕ ಕೋಡೆಕ್ಕುಗಳನ್ನೆಲ್ಲ ಒಂದೇ ಗಂಟಿನಲ್ಲಿ ಸ್ಥಾಪಿಸುವ ಕೋಡೆಕ್ ಪ್ಯಾಕ್‌ಗಳು ಈ ತೊಂದರೆಗೆ ಮದ್ದಾಗಿ ಬಂದು, ಒಂದರೊಡನೊಂದು ಜಗಳವಾಡಿ ಹೊಸ ತೊಂದರೆಗಳನ್ನು ತಂದವು. 2002ರಲ್ಲಿ ಆರಂಭವಾದ ಮಾಟ್ರೋಸ್ಕಾ ಎಂಬ ಮುಕ್ತ ಡಬ್ಬಿಯು, ಒಂದರೊಳಗೊಂದು ಅಡಗುವ ರಷ್ಯದ ಗೊಂಬೆಯ ಹೆಸರಿಗೆ ತಕ್ಕಂತೆ, ಹಲವು ಭಾಷೆಗಳ ಧ್ವನಿಯನ್ನೂ ಉಪಶೀರ್ಷಿಕೆಯನ್ನೂ ಒಂದೇ ಕಡತದಲ್ಲಿ ಅಳವಡಿಸಿಕೊಂಡಿತು. ಡಿವಿಡಿಯ ಉಪಶೀರ್ಷಿಕೆ ಚಿತ್ರರೂಪದ್ದಾಗಿದ್ದರಿಂದ ಯಾವ ಲಿಪಿಯಾದರೂ ಸರಿಯಾಗಿ ಕಾಣುತ್ತಿತ್ತು, ಪಠ್ಯರೂಪದ ಉಪಶೀರ್ಷಿಕೆಯಲ್ಲಾದರೋ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂಡಬೇಕಾದರೆ ಲಿಪಿಜೋಡಣೆಯ ತಂತ್ರಾಂಶವೂ ಪ್ಲೇಯರಿನಲ್ಲಿ ಸೇರಿರಬೇಕಾಗಿತ್ತು.

ಕೋಡೆಕ್ ಪ್ಯಾಕುಗಳ ಗೊಂದಲವನ್ನು ಕೊನೆಗಾಣಿಸಿದ ಶ್ರೇಯಸ್ಸು ಫ್ಯಾಬ್ರೀಸ್ ಬೆಲಾರ್ 2000ದಲ್ಲಿ ಆರಂಭಿಸಿದ ಎಫ್ಎಫ್ಎಂಪೆಗ್ ಯೋಜನೆಗೆ ಸಲ್ಲಬೇಕು. ಬೇರೆಬೇರೆ ಕಂಪನಿಗಳ ಕೋಡೆಕ್ಕುಗಳನ್ನು ಒಂದೊಂದಾಗಿ ಅಭ್ಯಸಿಸಿ, ಅವುಗಳ ಡಿಕೋಡರುಗಳನ್ನು ಹೊಸದಾಗಿ ಬರೆದು ಒಂದೇ ಗ್ರಂಥಾಲಯದಲ್ಲಿ ಕೂಡಿಸಿದ ಈ ಯೋಜನೆಯ ಬಲದಿಂದಲೇ, ಪ್ಯಾರಿಸ್ಸಿನ ಎಕೋಲ್ ಸೆಂತ್ರಾಲ್ ವಿದ್ಯಾರ್ಥಿಗಳ ಕೆಲಸವಾಗಿ ಹುಟ್ಟಿ 2001ರಲ್ಲಿ ಮುಕ್ತ ಪರವಾನಗಿ ಪಡೆದ ವಿಎಲ್‌ಸಿ ಪ್ಲೇಯರು ಏನನ್ನೂ ಪ್ರತ್ಯೇಕವಾಗಿ ಸ್ಥಾಪಿಸದೆ ಬಹುತೇಕ ಎಲ್ಲ ಕಡತಗಳನ್ನೂ ಓಡಿಸಿತು. ಆಟದ ಯಂತ್ರವಾದ ಎಕ್ಸ್‌ಬಾಕ್ಸಿನ 733 ಮೆಗಾಹರ್ಟ್ಸ್ ಪ್ರೊಸೆಸರಿನ ಮೇಲೆ ಹವ್ಯಾಸಿಗಳು ಬೆಳೆಸಿದ ಎಕ್ಸ್‌ಬಿಎಂಸಿ, ಅಂದರೆ 2014ರಿಂದ ಕೋಡಿ ಎಂದು ಕರೆಯಲಾಗುವ ತಂತ್ರಾಂಶ, ಇದೇ ಗ್ರಂಥಾಲಯವನ್ನು ನೆಮ್ಮಿ ನಿಂತದ್ದು.

2003ರಲ್ಲಿ ಅಂಗೀಕಾರವಾದ ಎಚ್.264 ಕೋಡೆಕ್ಕು ಎಂಪೆಗ್-2ರ ಅರ್ಧದಷ್ಟು ಬಿಟ್‌ಗಳಲ್ಲಿ ಹೆಚ್ಚುಕಡಿಮೆ ಅದೇ ಗುಣಮಟ್ಟವನ್ನು ಕೊಟ್ಟಿತು, 2006ರ ಬ್ಲೂ-ರೇ ತಟ್ಟೆಯಲ್ಲಿ ಸ್ಥಾನ ಪಡೆಯಿತು. ಆದರೆ 1920 ಗುಣಿಸು 1080 ಬಿಂದುಗಳ ಚಿತ್ರವನ್ನು ಬಿಡಿಸುವಾಗ ಅಂದಿನ ಅನೇಕ ಪ್ರೊಸೆಸರುಗಳು ಏದುಸಿರು ಬಿಟ್ಟವು, ಗ್ರಾಫಿಕ್ಸ್ ಚಿಪ್ಪಿನ ನೆರವು ಮತ್ತೆ ಅನಿವಾರ್ಯವಾಯಿತು. ಯಾವ ರೂಪವನ್ನು ಚಿಪ್ಪು ಬಿಡಿಸಬಲ್ಲದೋ ಅದೇ ಆಯ್ಕೆಯಾಗುವ ಈ ನಿಯಮವನ್ನು 2011ರಲ್ಲಿ ಜಪಾನಿ ಆನಿಮೇಷನ್ನಿನ ಅಭಿಮಾನಿ ಅನುವಾದಕರು ಮಾತ್ರ ಬೇಕೆಂದೇ ಮೀರಿದರು: ನುಣುಪಾದ ಬಣ್ಣದ ಹರಹಿನಲ್ಲಿ ಮೂಡುವ ಪಟ್ಟೆಗಳನ್ನು ತಡೆಯಲು ಅವರು ಆರಿಸಿದ 10 ಬಿಟ್‌ನ ಎಚ್.264 ರೂಪವನ್ನು ಚಿಪ್ಪುಗಳು ಬಿಡಿಸುತ್ತಿರಲಿಲ್ಲ, ಹಾಗಾಗಿ ನೋಡುವವರು ಪ್ರೊಸೆಸರಿನ ಬಲವನ್ನೇ ನಂಬಬೇಕಾಯಿತು. ಧ್ವನಿಯಲ್ಲಿ ಒಂದು ಬಿಟ್ಟನ್ನೂ ಕಳೆಯದ ಡಾಲ್ಬಿ ಟ್ರೂಎಚ್‌ಡಿ ಮತ್ತು ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಬ್ಲೂ-ರೇ ಜತೆ ಬಂದವು. ಹಳೆಯ ತಂತಿಗೆ ಅವುಗಳ ಭಾರ ಮೀರಿದ್ದರಿಂದ ಎಚ್‌ಡಿಎಂಐ ಬೇಕಾಯಿತು, ಗಣಕದ ಗ್ರಾಫಿಕ್ಸ್ ಕಾರ್ಡೊಂದು ಅವುಗಳನ್ನು ಹಾಗೆಯೇ ರಿಸೀವರಿಗೆ ದಾಟಿಸುವುದು 2009ರ ರೇಡಿಯಾನ್ ಎಚ್‌ಡಿ 5000 ಸರಣಿಯಿಂದ ಸಾಧ್ಯವಾಯಿತು. ಅಷ್ಟರವರೆಗೆ ಎಚ್ಚರದ ಸಂಗ್ರಾಹಕರು ಅದೇ ಧ್ವನಿಯನ್ನು ನಷ್ಟವಿಲ್ಲದ ಮುಕ್ತ ಕೋಡೆಕ್ ಫ್ಲಾಕ್‌ಗೆ ಬದಲಾಯಿಸಿ ಇರಿಸಿಕೊಂಡರು.

2013ರ ಎಚ್.265, ಅಂದರೆ ಎಚ್‌ಇವಿಸಿ, ಬಿಟ್‌ಗಳನ್ನು ಮತ್ತೆ ಅರ್ಧಕ್ಕೆ ಇಳಿಸಿದರೂ, ಅದರ ಪೇಟೆಂಟ್‌ಗಳನ್ನು ಪರವಾನಗಿಗೆ ಕೊಡುವ ಒಂದಲ್ಲ ಮೂರು ಕೂಟಗಳು ಹುಟ್ಟಿಕೊಂಡದ್ದರಿಂದ ತಯಾರಕರು ಹಿಂಜರಿದರು. ಆ ಹಿಂಜರಿಕೆಯ ಫಲವಾಗಿ 2015ರಲ್ಲಿ ಗೂಗಲ್, ಮೊಜಿಲ್ಲಾ, ನೆಟ್‌ಫ್ಲಿಕ್ಸ್ ಮೊದಲಾದವು ಕೂಡಿ ರಚಿಸಿದ ಒಕ್ಕೂಟವು 2018ರಲ್ಲಿ ಶುಲ್ಕವಿಲ್ಲದ ಎವಿ1 ಕೋಡೆಕ್ಕನ್ನು ಬಿಡುಗಡೆ ಮಾಡಿತು. ಈ ಅವಧಿಯಲ್ಲಿ ಬೆಂಗಳೂರು ಮತ್ತೆ ಕಥೆಯೊಳಗೆ ಬರುತ್ತದೆ: ಆಂಡ್ರಾಯ್ಡಿನ ಮುಕ್ತ ಮೂಲಸಂಕೇತದಲ್ಲಿರುವ ಎಚ್.265 ಡಿಕೋಡರು, 2001ರಲ್ಲಿ ಈ ನಗರದಲ್ಲಿ ಸ್ಥಾಪನೆಯಾದ ಇಟ್ಟಿಯಮ್ ಸಿಸ್ಟಮ್ಸ್ ಬರೆದದ್ದು. ಎಚ್.265ರಲ್ಲಾಗಲಿ ಎವಿ1ರಲ್ಲಾಗಲಿ ಚೌಕಗಳು ದೊಡ್ಡವಾಗಿವೆ, ಊಹೆಯ ಬಗೆಗಳು ಹೆಚ್ಚಿವೆ. ಆದರೂ ಉಳಿಕೆಯನ್ನು ಅಲೆಗಳಾಗಿ ಬಿಡಿಸುವ ಕೆಲಸವನ್ನು ಇಂದಿಗೂ ಬಹುಮಟ್ಟಿಗೆ ನಾಸಿರ್ ಅಹ್ಮದರ ಪರಿವರ್ತನೆಯ ರೂಪಾಂತರಗಳೇ ಮಾಡುತ್ತವೆ.

ಎಸಿ-3ರ ಪೇಟೆಂಟ್‌ಗಳು 2017ರಲ್ಲಿ, ಅಮೆರಿಕದಲ್ಲಿನ ಎಂಪೆಗ್-2 ಪೇಟೆಂಟ್‌ಗಳು 2018ರಲ್ಲಿ ಮುಗಿದವು. ಡಿವಿಡಿಯ ಚಿತ್ರವನ್ನೂ ಧ್ವನಿಯನ್ನೂ ಬಿಡಿಸುವ ಮುಕ್ತ ಡಿಕೋಡರುಗಳು ಅದಕ್ಕೂ ಮೊದಲೇ ಎಲ್ಲ ಗಣಕಗಳಲ್ಲಿ ನೆಲೆಯೂರಿದ್ದವು, ಆದ್ದರಿಂದ ಹಳೆಯ ರೂಪವೆಂಬ ಕಾರಣಕ್ಕೆ ಈ ತಟ್ಟೆಗಳ ವಿಷಯ ಓದಲಾಗದೆ ಹೋಗುವ ಭಯವಿಲ್ಲ. ಭಯವಿರುವುದು ತಟ್ಟೆಯ ಲೇಪ ಕೆಡುವುದರಿಂದ. ಎಂಪೆಗ್-1ರ ವಿಡಿಯೊ ಸಿಡಿಯನ್ನು ಜಾಗ ಉಳಿಸಲೆಂದು ಎಚ್.265ಕ್ಕೆ ಬದಲಾಯಿಸುವವರು ಮೊದಲೇ ಕಡಿಮೆಯಾಗಿರುವ ವಿವರದಲ್ಲಿ ಇನ್ನೊಂದು ಪಾಲನ್ನು ಶಾಶ್ವತವಾಗಿ ಕಳೆಯುತ್ತಾರೆ, ಉಳಿಸುವುದಾದರೋ ಕೆಲವು ನೂರು ಮೆಗಾಬೈಟುಗಳನ್ನು ಮಾತ್ರ. ಬೇರೆಲ್ಲೂ ಮರುಮುದ್ರಣವಾಗದ ಯಕ್ಷಗಾನ ಪ್ರಸಂಗ, ನಾಟಕ ಅಥವಾ ಚಲನಚಿತ್ರದ ತಟ್ಟೆಗಳನ್ನು ಕಪಾಟಿನಲ್ಲಿ ಇರಿಸಿಕೊಂಡಿರುವ ಕನ್ನಡಿಗರು, ಅವುಗಳಲ್ಲಿರುವ ಪ್ರವಾಹವನ್ನು ಒಂದು ಬಿಟ್ಟೂ ಬದಲಾಯಿಸದೆ ಈಗಲೇ ಹಾರ್ಡ್ ಡಿಸ್ಕಿಗೆ ನಕಲಿಸಿ, ಎರಡು ಬೇರೆ ಕಡೆಗಳಲ್ಲಿ ಇಟ್ಟುಕೊಳ್ಳಬೇಕು.