ಕಡಲ ನೀರುನಾಯಿ: ತೊಗಲಿನಿಂದ ತೀರದವರೆಗೆ

ನಮ್ಮ ಕಾವೇರಿ, ತುಂಗಭದ್ರೆಗಳ ದಡದಲ್ಲಿ ಓಡಾಡಿದವರಿಗೆ ನೀರುನಾಯಿ ಅಪರಿಚಿತ ಪ್ರಾಣಿಯಲ್ಲ. ಅದರ ಬಂಧುವೊಂದು ಇಲ್ಲಿಂದ ಬಹುದೂರದಲ್ಲಿ, ಉತ್ತರ ಶಾಂತಸಾಗರದ ಅಂಚಿನ ಕೊರೆಯುವ ನೀರಿನಲ್ಲಿ ಬಾಳುತ್ತದೆ. ಅದೇ ಕಡಲ ನೀರುನಾಯಿ. ತಿಮಿಂಗಿಲಕ್ಕೂ ಸೀಲ್ ಪ್ರಾಣಿಗೂ ಇರುವಂತೆ ಇದರ ಚರ್ಮದ ಅಡಿಯಲ್ಲಿ ಕೊಬ್ಬಿನ ದಪ್ಪ ಪದರವಿಲ್ಲ. ಚಳಿಯನ್ನು ತಡೆಯಲು ಪ್ರಕೃತಿ ಅದಕ್ಕೆ ಕೊಟ್ಟದ್ದು ತುಪ್ಪಳವನ್ನು. ಒಂದು ಚದರ ಸೆಂಟಿಮೀಟರಿನಷ್ಟು ಜಾಗದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಕೂದಲು! ಪ್ರಾಣಿಲೋಕದಲ್ಲಿ ಇಷ್ಟು ದಟ್ಟವಾದ ತುಪ್ಪಳ ಇನ್ನೊಂದಿಲ್ಲ. ಪ್ರಾಣ ಉಳಿಸಬೇಕಾದ ಆ ತುಪ್ಪಳವೇ ಅದರ ಪ್ರಾಣಕ್ಕೆ ಮುಳುವಾಯಿತು.

1741ರಲ್ಲಿ ರಷ್ಯದ ಸೇವೆಯಲ್ಲಿದ್ದ ವಿಟಸ್ ಬೆರಿಂಗ್ ಎಂಬ ನಾವಿಕನ ಹಡಗು ಕಮ್ಚಾಟ್ಕದ ಬಳಿಯ ನಿರ್ಜನ ದ್ವೀಪವೊಂದರ ದಡಕ್ಕೆ ಬಡಿದು ಒಡೆಯಿತು. ಬೆರಿಂಗ್ ಅಲ್ಲಿಯೇ ಮಡಿದ. ಅಳಿದುಳಿದವರು ಚಳಿಗಾಲವನ್ನು ಕಳೆದದ್ದು ಕಡಲ ನೀರುನಾಯಿಯೇ ಮೊದಲಾದ ಪ್ರಾಣಿಗಳ ಮಾಂಸವನ್ನು ತಿಂದು. ಅವರಲ್ಲಿ ಸ್ಟೆಲ್ಲರ್ ಎಂಬ ಪ್ರಕೃತಿವಿಜ್ಞಾನಿಯೂ ಇದ್ದ. ಆ ಪ್ರಾಣಿಯ ಚಹರೆ, ನಡವಳಿಕೆಗಳನ್ನು ಆತ ಶ್ರದ್ಧೆಯಿಂದ ಬರೆದಿಟ್ಟ. ಆದರೆ ಮರುವರ್ಷ ಊರು ತಲಪಿದ ನಾವಿಕರು ತಂದ ತೊಗಲುಗಳ ಮುಂದೆ ಆತನ ಬರಹವನ್ನು ಕೇಳುವವರು ಯಾರು? ತೊಗಲಿನ ಬೆಲೆ ಕಂಡ ವರ್ತಕರು ಅಲ್ಯೂಷಿಯನ್ ದ್ವೀಪಗಳಿಗೆ ನುಗ್ಗಿದರು. ಅಲ್ಲಿನ ಮೂಲನಿವಾಸಿಗಳಾದ ಅಲ್ಯೂಟ್ ಜನರ ಹೆಂಡಿರು ಮಕ್ಕಳನ್ನು ಒತ್ತೆಯಾಗಿಟ್ಟುಕೊಂಡು ಗಂಡಸರನ್ನು ಬೇಟೆಗೆ ಅಟ್ಟಿದರು. 1778ರಲ್ಲಿ ಕ್ಯಾಪ್ಟನ್ ಕುಕ್‌ನ ನಾವಿಕರು ನೂಟ್ಕಾ ಕೊಲ್ಲಿಯಲ್ಲಿ ಅಗ್ಗವಾಗಿ ಕೊಂಡ ತೊಗಲುಗಳು ಚೀನದ ಕ್ಯಾಂಟನ್ ಪೇಟೆಯಲ್ಲಿ ಭಾರಿ ಬೆಲೆಗೆ ಮಾರಿದ ಸುದ್ದಿ ಹಬ್ಬಿದ ಮೇಲೆ ಬ್ರಿಟಿಷರೂ ಅಮೆರಿಕನ್ನರೂ ಈ ವ್ಯಾಪಾರಕ್ಕೆ ಇಳಿದರು.

ಒಂದೂವರೆ ಲಕ್ಷದಿಂದ ಮೂರು ಲಕ್ಷದವರೆಗೆ ಇದ್ದಿರಬಹುದಾದ ಸಂತತಿ, ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಹೆಚ್ಚೆಂದರೆ ಎರಡು ಸಾವಿರಕ್ಕೆ ಇಳಿದಿತ್ತು. ಆಗ, 1911ರಲ್ಲಿ, ಅಮೆರಿಕ, ರಷ್ಯ, ಜಪಾನ್ ಮತ್ತು ಬ್ರಿಟನ್ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ವನ್ಯಜೀವಿ ರಕ್ಷಣೆಗಾಗಿ ಹಲವು ರಾಷ್ಟ್ರಗಳು ಒಟ್ಟುಗೂಡಿ ಮಾಡಿಕೊಂಡ ಮೊದಲ ಒಪ್ಪಂದಗಳಲ್ಲಿ ಇದೂ ಒಂದೆಂದು ಚರಿತ್ರೆಕಾರರು ಇದನ್ನು ಕೊಂಡಾಡುತ್ತಾರೆ. ಆದರೆ ಆ ಒಪ್ಪಂದವನ್ನು ತುಸು ಸಾವಧಾನವಾಗಿ ಓದಬೇಕು. ಅದರ ಮುಖ್ಯ ಚಿಂತೆ ತುಪ್ಪಳದ ಸೀಲ್ ಪ್ರಾಣಿಯದು. ನೀರುನಾಯಿಗೆ ಸಂದದ್ದು ಒಂದು ವಿಧಿ ಮಾತ್ರ. ಅದೂ ತೀರದಿಂದ ಮೂರು ಮೈಲಿಯಾಚೆ ಅದನ್ನು ಕೊಲ್ಲಬಾರದು ಎಂದು. ಈ ಪ್ರಾಣಿಯೋ, ಬಹುಮಟ್ಟಿಗೆ ದಡದ ಮಗ್ಗುಲಲ್ಲೇ ಬದುಕುವಂಥದು! ಅದು ಇಲ್ಲದ ಕಡೆಗೆ ರಕ್ಷಣೆ, ಇರುವ ಕಡೆಗೆ ಮೌನ. ದಡದ ನೀರಿನಲ್ಲಿ ಅದನ್ನು ಕಾಯಲು ಆಯಾ ನಾಡಿನ ಕಾನೂನೇ ಬೇಕಾಯಿತು. ಕ್ಯಾಲಿಫೋರ್ನಿಯ ರಾಜ್ಯ 1913ರಲ್ಲಿ ಅದಕ್ಕೆ ಪೂರ್ಣ ರಕ್ಷಣೆ ನೀಡಿತು. ಅಷ್ಟು ಹೊತ್ತಿಗೆ ಅಲ್ಲಿ ಆ ಪ್ರಾಣಿಯೇ ಅಳಿದುಹೋಗಿದೆಯೆಂದು ಜನ ನಂಬಿದ್ದರು. 1938ರಲ್ಲಿ ಬಿಗ್ ಸರ್ ಕರಾವಳಿಯ ಬಿಕ್ಸ್‌ಬಿ ತೊರೆಯ ಮುಖದಲ್ಲಿ ಸುಮಾರು ಐವತ್ತು ನೀರುನಾಯಿಗಳ ಹಿಂಡು ಕಾಣಿಸಿದಾಗ ನಾಡೇ ಬೆರಗಾಯಿತು.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಈ ಪ್ರಾಣಿ ಉಳಿದರೆ ಕಡಲಿಗೇನು ಲಾಭ? ಉತ್ತರ ದೊರೆತದ್ದು 1974ರಲ್ಲಿ, ಎಸ್ಟಿಸ್ ಮತ್ತು ಪಾಲ್ಮಿಸಾನೊ ಎಂಬ ವಿಜ್ಞಾನಿಗಳು ಅಲ್ಯೂಷಿಯನ್ ದ್ವೀಪಗಳ ಅಧ್ಯಯನವನ್ನು ಪ್ರಕಟಿಸಿದಾಗ. ನೀರುನಾಯಿಗಳಿದ್ದ ದ್ವೀಪಗಳ ಸುತ್ತ ಕೆಲ್ಪ್ ಎಂಬ ಬೃಹತ್ ಕಡಲಪಾಚಿಯ ಕಾಡು ಬೆಳೆದುನಿಂತಿತ್ತು. ಅವು ಇಲ್ಲದ ಕಡೆ ಕಡಲತಳ ಬರಡಾಗಿತ್ತು. ಅಲ್ಲಿ ಕೆಲ್ಪನ್ನು ಮೇಯುವ, ಮೈಯೆಲ್ಲ ಮುಳ್ಳಿರುವ ಚೆಂಡಿನಂಥ ಅರ್ಚಿನ್ ಎಂಬ ಜೀವಿಗಳು ಹಾಸಿಕೊಂಡಿದ್ದವು. ಪ್ರತಿದಿನ ತನ್ನ ತೂಕದ ಸುಮಾರು ಕಾಲುಭಾಗದಷ್ಟು ಆಹಾರ ಬೇಡುವ ನೀರುನಾಯಿ ಈ ಅರ್ಚಿನ್‌ಗಳನ್ನು ತಿಂದು ಕಾಡನ್ನು ಕಾಯುತ್ತಿತ್ತು. ಮೀನಿನ ಮರಿಗಳಿಗೆ ಆಶ್ರಯ ನೀಡುವ, ಅಲೆಗಳ ಹೊಡೆತವನ್ನು ತಗ್ಗಿಸುವ ಆ ಕಾಡು ತೊಗಲಿನ ಲೆಕ್ಕ ಬರೆದವರ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ.

ಅಮೆರಿಕವು 1972ರಲ್ಲಿ ಕಡಲ ಸಸ್ತನಿಗಳ ರಕ್ಷಣೆಗೆ ಪ್ರತ್ಯೇಕ ಕಾನೂನನ್ನು ತಂದಿತು. 1977ರಲ್ಲಿ ಕ್ಯಾಲಿಫೋರ್ನಿಯದ ನೀರುನಾಯಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಇಲ್ಲಿ ಇನ್ನೊಂದು ಪಕ್ಷದ ಮಾತನ್ನೂ ಕೇಳುವುದು ನ್ಯಾಯ. ನೀರುನಾಯಿ ಇಲ್ಲದ ಕಾಲದಲ್ಲಿ ಅರ್ಚಿನ್, ಅಬಲೋನಿ ಚಿಪ್ಪುಗಳು ಹೇರಳವಾಗಿ ಬೆಳೆದು, ಅವನ್ನು ಹಿಡಿಯುವವರ ತಲೆಮಾರುಗಳೇ ಆ ತೀರದಲ್ಲಿ ಬಾಳು ಕಟ್ಟಿಕೊಂಡಿದ್ದವು. ಈಗ ಪ್ರಾಣಿ ಮರಳಿ ಬಂದು ಅವರ ಬುತ್ತಿಗೆ ಕೈಹಾಕಿತು. ಅವರನ್ನು ಲೋಭಿಗಳೆಂದು ಜರೆಯುವುದು ಸುಲಭ. ಆದರೆ ಹಳೆಯ ವರ್ತಕರ ಪಾಪದ ಫಲ ಇವರ ಪಾಲಿಗೆ ಬಂದಿತೆಂಬುದನ್ನು ಮರೆಯಲಾಗದು.

ಇಬ್ಬರನ್ನೂ ತೃಪ್ತಿಪಡಿಸಲು 1986ರಲ್ಲಿ ಒಂದು ಕಾನೂನಾಯಿತು. ಅದರಂತೆ ಸ್ಯಾನ್ ನಿಕೊಲಸ್ ದ್ವೀಪ ನೀರುನಾಯಿಗೆ. ಅದರ ಸುತ್ತಣ ದಕ್ಷಿಣ ಕ್ಯಾಲಿಫೋರ್ನಿಯದ ಉಳಿದ ಕಡಲು ಮೀನುಗಾರರಿಗೆ. 1987ರಿಂದ 1990ರವರೆಗೆ 140 ಪ್ರಾಣಿಗಳನ್ನು ದ್ವೀಪಕ್ಕೆ ಸಾಗಿಸಿದರು. ಹೆಚ್ಚಿನವು ಅಲ್ಲಿ ನಿಲ್ಲಲಿಲ್ಲ. ಕೆಲವು ನೂರಾರು ಕಿಲೋಮೀಟರ್ ಈಜಿ ತಮ್ಮ ಹಳೆಯ ತೀರಕ್ಕೇ ಮರಳಿದವು. ಕಾನೂನು ನೀರಿನ ಮೇಲೆ ಎಳೆದ ಗೆರೆ ನೀರುನಾಯಿಗೆ ಕಾಣಲಿಲ್ಲ. 2012ರಲ್ಲಿ ಸರ್ಕಾರ ಆ ಗೆರೆಯನ್ನು ಅಳಿಸಿತು. ದ್ವೀಪದಲ್ಲಿ ಉಳಿದ ಕೆಲವೇ ಪ್ರಾಣಿಗಳ ಸಂತತಿ ಮಾತ್ರ ನಿಧಾನವಾಗಿ ಬೆಳೆದು ಮುಂದೆ ನೂರನ್ನು ದಾಟಿತು.

ಈ ನಡುವೆ 1989ರ ಮಾರ್ಚ್ 24ರಂದು ಅಲಾಸ್ಕದ ಪ್ರಿನ್ಸ್ ವಿಲಿಯಂ ಕೊಲ್ಲಿಯಲ್ಲಿ ಎಕ್ಸಾನ್ ವಾಲ್ಡೀಸ್ ಎಂಬ ತೈಲದ ಹಡಗು ಬಂಡೆಗೆ ತಾಗಿ, ಸುಮಾರು ನಾಲ್ಕು ಕೋಟಿ ಲೀಟರ್ ಎಣ್ಣೆ ಕಡಲಿಗೆ ಹರಿಯಿತು. ಎಣ್ಣೆ ಮೆತ್ತಿದ ತುಪ್ಪಳ ಚಳಿಯನ್ನು ತಡೆಯಲಾರದು. ಸಾವಿರಾರು ನೀರುನಾಯಿಗಳು ಸತ್ತವೆಂದು ಅಂದಾಜು. ಅವನ್ನು ಯಾರೂ ಬೇಟೆಯಾಡಿರಲಿಲ್ಲ. ಬೇಟೆಯನ್ನು ನಿಷೇಧಿಸಿದ ಕಾನೂನುಗಳೆಲ್ಲ ಜಾರಿಯಲ್ಲಿಯೇ ಇದ್ದವು. ಮರುವರ್ಷ ಬಂದ ತೈಲಮಾಲಿನ್ಯದ ಕಾನೂನು ಹಡಗಿನ ಒಡಲಿಗೆ ಎರಡು ಪದರ ಇರಬೇಕೆಂದು ವಿಧಿಸಿತು. ಮುಂದೆ ಇನ್ನೊಂದು ಸತ್ಯವೂ ಹೊರಬಿತ್ತು: ಬೆಕ್ಕಿನ ಮಲದಲ್ಲಿರುವ ಸೂಕ್ಷ್ಮಜೀವಿಯೊಂದು ಮಳೆನೀರಿನೊಡನೆ ಕಡಲು ಸೇರಿ ನೀರುನಾಯಿಗಳನ್ನು ಕೊಲ್ಲುತ್ತದೆ. 2006ರಲ್ಲಿ ಕ್ಯಾಲಿಫೋರ್ನಿಯದ ಶಾಸನಸಭೆಯು, ಮನೆಯ ಬೆಕ್ಕಿನ ಮಲವನ್ನು ಚರಂಡಿಗೆ ಬಿಡಬಾರದೆಂಬ ಎಚ್ಚರಿಕೆಯನ್ನು ಬೆಕ್ಕಿಗಾಗಿ ಮಾರುವ ಮರಳಿನ ಚೀಲದ ಮೇಲೆ ಅಚ್ಚು ಮಾಡಿಸಬೇಕೆಂದು ಕಾನೂನು ಮಾಡಿತು.

ಮೂರು ಮೈಲಿಯಾಚೆ ಆರಂಭವಾದ ರಕ್ಷಣೆ ಹೀಗೆ ಒಂದು ಶತಮಾನದೊಳಗೆ ದಡವನ್ನು ಹತ್ತಿ, ಗೃಹಸ್ಥನ ಹಿತ್ತಿಲಿಗೆ ಬಂದು ನಿಂತಿದೆ. ಮೊದಲು ತೊಗಲಿನ ಚಿಂತೆ, ಅನಂತರ ಪ್ರಾಣಿಯ ಚಿಂತೆ, ಕೊನೆಗೆ ಅದರ ಮನೆಯ ಚಿಂತೆ. ಕಾನೂನು ಕಲಿತ ಪಾಠದ ಕ್ರಮ ಇದು. ಕ್ರಮ ತಿರುವುಮುರುವಾಗಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು. ಕ್ಯಾಲಿಫೋರ್ನಿಯದ ತೀರದಲ್ಲಿ ಇಂದಿಗೂ ಇರುವುದು ಸುಮಾರು ಮೂರು ಸಾವಿರ ಪ್ರಾಣಿಗಳು.

ರಾತ್ರಿ ಮಲಗುವಾಗ ಕಡಲ ನೀರುನಾಯಿ ಅಲೆಯಲ್ಲಿ ತೇಲಿಹೋಗದಂತೆ ಕೆಲ್ಪಿನ ಎಳೆಗಳನ್ನು ಮೈಗೆ ಸುತ್ತಿಕೊಳ್ಳುವುದುಂಟು. ತಾನು ಕಾಯುವ ಕಾಡೇ ತನ್ನನ್ನು ಹಿಡಿದುಕೊಂಡಿರುತ್ತದೆ. ಪ್ರಾಣಿಯನ್ನು ಅದರ ತೀರದಿಂದ ಬೇರ್ಪಡಿಸಿ ಉಳಿಸುತ್ತೇವೆಂದು ಹೊರಡುವವರು ಈ ನೋಟವನ್ನೊಮ್ಮೆ ನೆನೆಯುವುದು ಒಳಿತು.